ಒಂಬತ್ತು ಮತ್ತು ಇಪ್ಪತ್ಮೂರು

ಮಾನ್ಯ ಓದುಗರ ಸನ್ನಿಧಿಯಲ್ಲಿ ಒಂದು ಅರಿಕೆ. ಪ್ರಯೋಗಾಲಯಗಳ ಯಂತ್ರಗಳನ್ನು ದುರಸ್ತಿ ಮಾಡುತ್ತ ಊರೂರು ಅಲೆಯುವವನಿಗೆ, ಯಂತ್ರದ ಮುಚ್ಚಳ ತೆಗೆಯುವುದಕ್ಕೂ ಮೊದಲು ಸುತ್ತ ನಿಂತವರ ಮುಖ ಓದುವ ದುರಭ್ಯಾಸ ಅಂಟಿಕೊಂಡುಬಿಡುತ್ತದೆ. ಆ ದೋಷವನ್ನು ಮನ್ನಿಸಿ ಮುಂದಿನದನ್ನು ಅವಧರಿಸಬೇಕಾಗಿ ವಿನಂತಿ.

"ಸುಳ್ಳು ಹೇಳ್ತಿರೋದು ಈ ಮೆಷೀನೋ ನಮ್ಮವರೋ, ಸಂಜೆಯೊಳಗೆ ನಂಗೆ ಗೊತ್ತಾಗ್ಬೇಕು" ಎಂದು ಮೇಡಂ ನನ್ನ ತಲೆಯ ಮೇಲೆಯೇ ನಿಂತು ಹೇಳಿದಾಗ ನಾನು ಜೀನ್ ಪರೀಕ್ಷೆಯ ಪಿಸಿಆರ್ ಯಂತ್ರದ ನಾಲ್ಕನೆಯ ಸ್ಕ್ರೂ ಬಿಚ್ಚುತ್ತಿದ್ದೆ. ಆಸ್ಪತ್ರೆಯ ಸಂಶೋಧನಾ ವಿಭಾಗದ ಮುಖ್ಯಸ್ಥೆ ಅವರು. ಕೋಣೆಯಲ್ಲಿ ಇನ್ನಿಬ್ಬರಿದ್ದರು. ಇಪ್ಪತ್ತೊಂಬತ್ತು ವರ್ಷಗಳಿಂದ ಅಲ್ಲಿ ರಕ್ತ ತೆಗೆಯುತ್ತ ಬಂದ ಹಿರಿಯ ತಂತ್ರಜ್ಞೆಯನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಅವರ ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು. ಇನ್ನೊಬ್ಬಳು ಗುಬ್ಬಿ. ಎರಡು ಮಕ್ಕಳ ತಾಯಿಯಾದರೂ ಮೈಕಟ್ಟಿನಿಂದಾಗಿ ಬಂದ ಆ ಹೆಸರು ಹೋಗಿರಲಿಲ್ಲ. ಅವಳದು ರಕ್ತವನ್ನು ಪರೀಕ್ಷೆಗೆ ಅಣಿಮಾಡುವ ಗುತ್ತಿಗೆಯ ಕೆಲಸ. ಅದನ್ನು ಮುಂದುವರಿಸುವ ಕಾಗದ ಸಹಿಯಿಲ್ಲದೆ ಮೇಡಂ ಅವರ ಮೇಜಿನ ಮೇಲೆ ಬಿದ್ದಿತ್ತು.

ನನಗೆ ತಿಳಿಸಿದ್ದು ಇಷ್ಟು. ಗಡ್ಡೆ ಬೆಳೆಯದಂತೆ ತಡೆಯುವ ಜೀನ್‌ಗಳು ಎಲ್ಲರ ಮೈಯಲ್ಲೂ ಇರುತ್ತವೆ. ಕೆಲವು ಸ್ತನ ಕ್ಯಾನ್ಸರ್‌ಗಳಲ್ಲಿ ಅಂಥ ಜೀನ್ ಕೆಟ್ಟಿರುವುದಿಲ್ಲ, ಅದರ ಒಂದಕ್ಷರವೂ ಬದಲಾಗಿರುವುದಿಲ್ಲ. ಮೀಥೈಲ್ ಎಂಬ ಸಣ್ಣ ರಾಸಾಯನಿಕ ಅದರ ಮುಂಭಾಗಕ್ಕೆ ಅಂಟಿಕೊಂಡು ಬಾಯಿ ಮುಚ್ಚಿಸಿರುತ್ತದೆ. ಆ ಅಂಟಿನ ಗುರುತು ರಕ್ತದಲ್ಲಿ ಸಿಕ್ಕರೆ, ಗಡ್ಡೆ ಕೈಗೆ ತಾಗುವುದಕ್ಕೂ ಮೊದಲೇ ಅನುಮಾನ ಪಡಬಹುದೇ ಎಂಬುದು ಮೇಡಂ ಅವರ ಸಂಶೋಧನೆ. ರೋಗಿಗಳ ರಕ್ತದೊಡನೆ ಹೋಲಿಸಲು ಮೂವತ್ತು ಆರೋಗ್ಯವಂತ ಹೆಂಗಸರು ಬೇಕಿತ್ತು. ಆಸ್ಪತ್ರೆಯ ನೌಕರರೇ ಕೊಟ್ಟಿದ್ದರು. ಟ್ಯೂಬುಗಳ ಮೇಲೆ ಹೆಸರಿಲ್ಲ, ಬರೀ ಸಂಖ್ಯೆ. ಹೆಸರಿನ ಪಟ್ಟಿ ಬೀರುವಿನೊಳಗೆ, ಬೀಗದ ಕೈ ಮೇಡಂ ಹತ್ತಿರ.

ಅಂಟಿನ ಗುರುತು ಸಿಕ್ಕರೆ ಯಂತ್ರದ ಪರದೆಯ ಮೇಲೆ ಆ ಟ್ಯೂಬಿನ ಗೆರೆ ಏಳುತ್ತದೆ. ಈ ಮೂವತ್ತು ಗೆರೆಗಳೂ ಸಪಾಟಾಗಿ ಮಲಗಿರಬೇಕಿತ್ತು. ಒಂಬತ್ತು ಮತ್ತು ಇಪ್ಪತ್ಮೂರು ಎದ್ದು ನಿಂತಿದ್ದವು.

"ಒಂದೇ ಎದ್ದಿದ್ರೆ ಪಾಪ ಆ ಹೆಂಗಸಿಗೇ ಏನೋ ಇದೆ ಅನ್ಕೋತಿದ್ದೆ" ಎಂದರು ಮೇಡಂ, ಗುಬ್ಬಿಯ ಕಡೆ ತಿರುಗಿ. "ಮೂವತ್ತರಲ್ಲಿ ಎರಡು ಅಂದ್ರೆ ಕೆಲಸದಲ್ಲೇ ಎಡವಟ್ಟು. ಬೈಸಲ್ಫೈಟ್ ದ್ರಾವಣ ಹಾಕಿ ಪೂರ್ತಿ ಹೊತ್ತು ಬಿಡ್ದಿದ್ರೆ ಚೆನ್ನಾಗಿರೋ ಜೀನೂ ಬಾಯಿ ಮುಚ್ಚಿರೋ ಥರಾನೇ ಕಾಣುತ್ತೆ, ಗೊತ್ತಿಲ್ವಾ ನಿಂಗೆ? ಮಗೂನ ಶಾಲೆಯಿಂದ ಕರ್ಕೊಂಡು ಬರ್ಬೇಕು ಅಂತ ಅರ್ಧಕ್ಕೇ ಎತ್ತಿಟ್ಯಾ?"

"ಇಲ್ಲ ಮೇಡಂ. ಅರ್ಧಕ್ಕೆ ಎತ್ತಿದ್ರೆ ಆ ದಿನ ಮಾಡಿದ್ದೆಲ್ಲಾ ಏಳ್ಬೇಕಿತ್ತು. ಇವೆರಡನ್ನೂ ಬೇರೆ ಬೇರೆ ದಿನ ಮಾಡಿದ್ದು. ಒಂದೊಂದು ದಿನಕ್ಕೆ ಒಂದೊಂದೇ ಯಾಕೆ ಏಳುತ್ತೆ?"

"ಅದನ್ನೇ ನಾನು ನಿನ್ನ ಕೇಳ್ತಿರೋದು."

ಮೇಡಂ ಹೊರಟುಹೋದರು. ಗುಬ್ಬಿಯ ಮುಖ ಹುಳ್ಳಗಾಗಿತ್ತು. ದೊಡ್ಡಕ್ಕ ಅವಳ ಬೆನ್ನು ತಟ್ಟಿ, "ಹೋಗಿ ಟೀ ಕುಡ್ಕೊಂಡು ಬಾ. ಅಳೋದಿದ್ರೆ ಹೊರಗೇ ಅತ್ತು ಮುಗಿಸು. ಇಲ್ಲಿ ಟ್ಯೂಬಿಗೆ ಬಿದ್ರೆ ಮೂರನೇದೂ ಎದ್ದು ಕೂರುತ್ತೆ" ಎಂದರು. ಗುಬ್ಬಿ ಮೂಗೊರೆಸಿಕೊಂಡು ನಕ್ಕು ಹೋದಳು.

ಸತ್ಯ ಹೇಳಬೇಕೆಂದರೆ ನನ್ನ ಅನುಮಾನವೂ ಮೊದಲು ಹೋದದ್ದು ಗುಬ್ಬಿಯ ಮೇಲೆಯೇ. ಆದರೆ ಕೆಲಸ ಮಾಡುತ್ತ ಮಾಡುತ್ತ ಕಣ್ಣು ದೊಡ್ಡಕ್ಕನ ಕಡೆ ಹೊರಳಿತು. ಒರೆಸಿದ ಮೇಜನ್ನೇ ಅವರು ಮೂರನೆಯ ಸಲ ಒರೆಸುತ್ತಿದ್ದರು. ನಾನು ತಂತಿಯ ತುದಿಯ ಉಷ್ಣಮಾಪಕವನ್ನು ಟ್ಯೂಬು ಕೂರುವ ಒಂದು ಗುಳಿಯಿಂದ ಇನ್ನೊಂದಕ್ಕೆ ಸರಿಸುವಾಗಲೆಲ್ಲ ಒರೆಸುವ ಕೈ ನಿಲ್ಲುತ್ತಿತ್ತು.

"ಹಳೇ ಮೆಷೀನಲ್ವಾ ರಿಪೇರಿಯವರೇ? ಒಂದು ಕಡೆ ಬಿಸಿ ಜಾಸ್ತಿ, ಒಂದು ಕಡೆ ಕಮ್ಮಿ ಆಗ್ತಿರುತ್ತೆ."

"ಇನ್ನೂ ಅಳೆದು ಮುಗಿಸಿಲ್ಲಕ್ಕ."

"ಮುಗಿಸಿದ್ಮೇಲೂ ಹಾಗೇ ಬರೀಬಹುದಲ್ಲ."

ಗುಬ್ಬಿಯನ್ನು ಉಳಿಸಲು ಈ ಮಾತು ಎಂದುಕೊಂಡೆ. ತೊಂಬತ್ತಾರು ಗುಳಿಗಳನ್ನು ಅಳೆಯಲು ಮಧ್ಯಾಹ್ನವೆಲ್ಲ ಹಿಡಿಯಿತು. ಒಂದಕ್ಕೂ ಇನ್ನೊಂದಕ್ಕೂ ಅರ್ಧ ಡಿಗ್ರಿಯ ಅಂತರವೂ ಇರಲಿಲ್ಲ. ದೊಡ್ಡಕ್ಕ ಟೀ ತಂದಿಟ್ಟು ಪಕ್ಕದಲ್ಲೇ ನಿಂತರು.

"ಒಂಬತ್ತನ್ನ ಯಾವ ಗುಳಿಗೆ ಹಾಕಿದ್ದು? ಇಪ್ಪತ್ಮೂರು ಎಲ್ಲಿತ್ತು?" ಎಂದು ಕೇಳಿದರು.

"ಒಂದು ಈ ಮೂಲೆ, ಇನ್ನೊಂದು ಆ ತುದಿ" ಎಂದೆ, ಯಂತ್ರದ ದಾಖಲೆ ನೋಡಿ.

"ಒಂದೇ ಪದಾರ್ಥಾನ ಎರಡೂ ಕಡೆ ಹಾಕಿ, ಎರಡೂ ಎದ್ರೆ?"

"ಆಗ ಮೆಷೀನನ್ನ ಬೈಯೋ ಹಾಗಿಲ್ಲ. ಆ ಪದಾರ್ಥದಲ್ಲೇ ಇದೆ ಅಂತ ಲೆಕ್ಕ."

ಅವರ ಬಲಗೈ ಎಡಮೊಳಕೈಯ ಮಡಿಕೆಗೆ ಹೋಗಿ ಅಲ್ಲೇ ನಿಂತಿತು. ನನ್ನ ಕಿವಿ ನಿಮಿರಿತು.

"ಅವರಿಬ್ಬರು ಬೇರೆ ಬೇರೆ ಹೆಂಗಸರಲ್ವಾ ಅಕ್ಕ?"

ದೊಡ್ಡಕ್ಕ ಬಾಗಿಲು ಮುಂದೆ ಮಾಡಿ ಬಂದರು. "ನೀವು ಸಂಜೆ ಬಸ್ಸಿಗೆ ಹೋಗಿಬಿಡೋರು ಅಂತ ಹೇಳ್ತಿದೀನಿ. ಇಪ್ಪತ್ಮೂರು ಅಂದ್ರೆ ರೆಕಾರ್ಡ್ ಸೆಕ್ಷನ್ ಗುಮಾಸ್ತೆ. ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿ, ಸೂಜಿ ನೋಡಿದ್ದೇ ಚಪ್ಪಲಿ ಬಿಟ್ಟು ಓಡಿದ್ಲು. ಅವತ್ತೇ ಕೊನೇ ದಿನ. ಮೂವತ್ತಾಯ್ತಾ, ಮೂವತ್ತಾಯ್ತಾ ಅಂತ ಮೇಡಂದು ಫೋನ್ ಮೇಲೆ ಫೋನು. ನಾನೇ ಕೂತು ನನ್ನ ಕೈಗೆ ಚುಚ್ಕೊಂಡು ಅವಳ ಟ್ಯೂಬ್ ತುಂಬಿಸಿಟ್ಟೆ. ಆರೋಗ್ಯವಾಗಿರೋ ಹೆಂಗಸಿನ ರಕ್ತ ತಾನೇ ಬೇಕಾಗಿದ್ದು? ನಂಗೇನಾಗಿದೆ ಧಾಡಿ ಅನ್ಕೊಂಡೆ."

"ಮತ್ತೆ ಒಂಬತ್ತು?"

"ಅದೂ ನಂದೇ. ಅದು ನ್ಯಾಯವಾಗಿ ಕೊಟ್ಟಿದ್ದು, ಮೂರು ವಾರ ಮೊದಲು."

ಎರಡು ಎದ್ದವೆಂಬ ಕಾರಣಕ್ಕೇ ಮೇಡಂ ಅದನ್ನು ತಪ್ಪು ಎನ್ನುತ್ತಿದ್ದರು. ಎರಡು ಎದ್ದವೆಂಬ ಕಾರಣಕ್ಕೇ ದೊಡ್ಡಕ್ಕನಿಗೆ ಅದು ತಪ್ಪಲ್ಲವೆಂದು ತಿಳಿದಿತ್ತು.

"ಗುರುತು ಸಿಕ್ಕ ಮಾತ್ರಕ್ಕೆ ಕಾಯಿಲೆ ಇದೆ ಅಂತೇನಿಲ್ಲವಂತಲ್ಲ?" ಎಂದೆ.

"ಇಲ್ಲ. ಆ ಮೂವತ್ತು ಜನಕ್ಕೂ ನಾನೇ ಹೇಳಿದ್ದೀನಿ ಆ ಮಾತನ್ನ. ಹೇಳೋಕೆ ಚೆನ್ನಾಗಿರುತ್ತೆ." ಅವರು ಟೀ ಲೋಟವನ್ನು ನನ್ನ ಕಡೆ ಸರಿಸಿದರು. "ಮೆಷೀನ್ ಕೆಟ್ಟಿದೆ ಅಂತ ಒಂದು ಗೆರೆ ಗೀಚಿ. ಗುಬ್ಬಿ ಕೆಲಸ ಉಳಿಯುತ್ತೆ, ನನ್ನ ಮರ್ಯಾದೆ ಉಳಿಯುತ್ತೆ."

"ನೀವು?"

"ನಂದು ರಿಟೈರಾದ್ಮೇಲೆ ನೋಡ್ಕೋತೀನಿ."

ಅಂಥ ಗೆರೆಗಳನ್ನು ಹಿಂದೆ ಎರಡು ಕಡೆ ಗೀಚಿದ್ದೇನೆ. ಇಲ್ಲವೆಂದರೆ ನಾಲಿಗೆ ಬಿದ್ದುಹೋದೀತು. ಪೆನ್ನಿನ ಮುಚ್ಚಳ ತೆಗೆದೆ. ಅವರು ಎಂದಿಗೂ ನೋಡಿಕೊಳ್ಳುವುದಿಲ್ಲವೆಂಬ ಸಂಶಯ ಮಾತ್ರ ಹೋಗಲಿಲ್ಲ. 'ತೊಂಬತ್ತಾರು ಗುಳಿಗಳನ್ನೂ ಅಳೆಯಲಾಗಿದೆ. ಯಂತ್ರದಲ್ಲಿ ದೋಷವಿಲ್ಲ' ಎಂದು ಬರೆದು, ಹಾಳೆ ಹರಿದು ಅವರ ಕೈಗೇ ಕೊಟ್ಟೆ.

ದೊಡ್ಡಕ್ಕ ಎರಡು ಸಲ ಓದಿದರು. "ಕಲ್ಲು ಕಣ್ರೀ ನೀವು."

ಹಾಳೆಯ ಕಾರ್ಬನ್ ಪ್ರತಿ ನನ್ನ ಪುಸ್ತಕದಲ್ಲಿತ್ತು. ಆದರೂ ಅವರ ಬೆರಳುಗಳ ಮೇಲಿಂದ ನಾನು ಕಣ್ಣು ತೆಗೆಯಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಆಮೇಲೆ ಸೆರಗು ಸರಿಪಡಿಸಿಕೊಂಡು ಮೇಡಂ ಕೋಣೆಗೆ ಹೋದರು.

ಗಾಜಿನ ಬಾಗಿಲಾಚೆ ಮಾತು ಕೇಳುತ್ತಿರಲಿಲ್ಲ. ಮೇಡಂ ಎದ್ದು ನಿಂತದ್ದು ಕಂಡಿತು, ಕೂತದ್ದು ಕಂಡಿತು. ಬೀರುವಿನ ಬಾಗಿಲು ತೆರೆದುಕೊಂಡಿತು. ಬಹಳ ಹೊತ್ತಾದ ಮೇಲೆ ಮೇಡಂ ದೊಡ್ಡಕ್ಕನೊಡನೆ ಹೊರಬಂದು, ಅಷ್ಟರಲ್ಲಿ ವಾರ್ಡಿನ ಕೆಲಸವನ್ನೂ ಮುಗಿಸಿ ಮರಳಿದ್ದ ಗುಬ್ಬಿಯ ಮುಂದೆ ನಿಂತರು.

"ದೊಡ್ಡಕ್ಕಂಗೆ ಹೊಸದಾಗಿ ರಕ್ತ ತೆಗಿ. ಬೈಸಲ್ಫೈಟ್ ನೀನೇ ಹಾಕು, ಬೇರೆಯವರ ಕೈಗೆ ಕೊಡಬೇಡ." ಗುಬ್ಬಿ ಏನೂ ಅರ್ಥವಾಗದೆ ಇಬ್ಬರನ್ನೂ ನೋಡಿದಳು. ಮೇಡಂ ದೊಡ್ಡಕ್ಕನ ಕಡೆ ತಿರುಗಲಿಲ್ಲ. "ನಾಳೆ ಒಂಬತ್ತೂವರೆಗೆ ಸ್ಕ್ಯಾನಿಂಗ್. ನಾನೂ ಬರ್ತೀನಿ. ಮಿಕ್ಕಿದ್ದು ಆಮೇಲೆ. ಮಾತಾಡೋದು ತುಂಬಾ ಇದೆ."

ಇಪ್ಪತ್ತೊಂಬತ್ತು ವರ್ಷ ರಕ್ತ ತೆಗೆಯುವ ಕುರ್ಚಿಯ ಪಕ್ಕದಲ್ಲಿ ನಿಂತವರು ಅದರಲ್ಲಿ ಕುಳಿತಾಗ ಕಾಲು ಎಲ್ಲಿಡಬೇಕೆಂದು ತಿಳಿಯದವರಂತೆ ಕಂಡರು. ಗುಬ್ಬಿ ರಟ್ಟೆಗೆ ರಬ್ಬರ್ ಪಟ್ಟಿ ಕಟ್ಟಿದಳು.

"ಮುಷ್ಟಿ ಬಿಗಿ ಹಿಡೀರಿ ದೊಡ್ಡಕ್ಕ."

"ನಂಗೇ ಹೇಳಿಕೊಡ್ತೀಯೇನೇ?"

"ಬೆರಳೆಲ್ಲಾ ಬಿಚ್ಕೊಂಡೇ ಇದೆಯಲ್ಲ."

"ನಿನ್ನ ಸೂಜಿ ಸರಿಯಾಗಿ ಹೋದ್ರೆ ಸಾಕು."

ಟ್ಯೂಬು ತುಂಬಿತು. ಗುಬ್ಬಿ ಹತ್ತಿ ಒತ್ತಿ, ಲೇಬಲ್ ಎದುರಿಗಿಟ್ಟುಕೊಂಡು ಪೆನ್ನು ಹಿಡಿದಳು. "ಯಾವ ನಂಬರ್ ಬರೀಲಿ?"

"ನಂಬರ್ ಬೇಡ" ಎಂದರು ದೊಡ್ಡಕ್ಕ. "ಹೆಸರು ಬರಿ."

ನಾನು ನಾಲ್ಕನೆಯ ಸ್ಕ್ರೂ ಬಿಗಿದೆ. ಸ್ಕ್ರೂಡ್ರೈವರ್‌ಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಚೀಲದಲ್ಲಿ ಜೋಡಿಸಿ, ಉಷ್ಣಮಾಪಕದ ತಂತಿ ಸುತ್ತಿಟ್ಟು, ಪೆಟ್ಟಿಗೆ ಮುಚ್ಚಿದೆ. ಲೇಬಲ್ ಚಿಕ್ಕದು, ಹೆಸರು ಉದ್ದವಿದ್ದಿರಬೇಕು. ಗುಬ್ಬಿ ಅಕ್ಷರಗಳನ್ನು ಸಣ್ಣದು ಮಾಡುತ್ತ ಎರಡನೆಯ ಸಾಲಿಗೆ ಹೊರಳಿದಳು. ಅವಳು ಬರೆದು ಮುಗಿಸುವ ಮೊದಲೇ ನಾನು ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು, ಐದು ಗಂಟೆಯ ಬಸ್ಸಿಗೆಂದು ಮೆಟ್ಟಿಲಿಳಿದೆ.