ಗಂಟಿಲ್ಲದ ಹುಬ್ಬು

ಜಗದಾಂಬಾಳಿಗೆ ಸಿಟ್ಟು ಬರುವುದು ಅಪರೂಪ. ಆದರೆ ಐವತ್ತು ದಾಟುವ ಹೊತ್ತಿಗೆ ಎರಡು ಹುಬ್ಬಿನ ನಡುವೆ ಎರಡು ಉದ್ದ ಗೆರೆಗಳು ಎದ್ದು ನಿಂತು, ಕಂಡವರಿಗೆಲ್ಲ ಈಯಮ್ಮ ಯಾರ ಮೇಲೋ ಕೆಂಡ ಕಾರುತ್ತಿದ್ದಾಳೆ ಅನಿಸುತ್ತಿತ್ತು. ತರಕಾರಿಯವಳು ಕೇಳದಿದ್ದರೂ ಒಂದು ಹಿಡಿ ಕೊತ್ತಂಬರಿ ಜಾಸ್ತಿ ಹಾಕುತ್ತಿದ್ದಳು. ಗ್ಯಾಸ್ ಸಿಲಿಂಡರ್ ಹೇಳಿದ ದಿನವೇ ಬರುತ್ತಿತ್ತು. ಹೀಗೆ ಭದ್ರಾವತಿ ನ್ಯೂಟೌನಿನ ಮಟ್ಟಿಗೆ ಆ ಗೆರೆಗಳಿಂದ ಲಾಭವೇ ಇತ್ತು. ನಷ್ಟವಾಗುತ್ತಿದ್ದದ್ದು ಒಂದೇ ಜಾಗದಲ್ಲಿ, ಅತ್ತೆ ಸುಭದ್ರಮ್ಮನ ಮಂಚದ ಪಕ್ಕ.

ಸುಭದ್ರಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಸ್ನಾನ, ಊಟ, ಮಗ್ಗುಲು ಬದಲಿಸುವುದು, ಎಲ್ಲ ಜಗದಾಂಬಾಳದೇ. ಮುದುಕಿಯ ಮುಖದ ಎದುರು ದಿನವಿಡೀ ಇರುತ್ತಿದ್ದದ್ದು ಸೊಸೆಯ ಮುಖ ಒಂದೇ. ಗಂಜಿಯ ಚಮಚ ಬಾಯಿಗೆ ಬರುವಾಗಲೆಲ್ಲ ಅದರ ಹಿಂದೆ ಗಂಟಿಕ್ಕಿದ ಹುಬ್ಬೂ ಬರುತ್ತಿತ್ತು.

"ನಾನು ಯಾವಾಗ ಹೋಗ್ತೀನೋ ಅಂತ ಕಾಯ್ತಿದೀಯೇನೇ?" ಎಂದು ಒಂದು ದಿನ ಕೇಳಿಯೇ ಬಿಟ್ಟರು.

ನನ್ನ ಮುಖವೇ ಹಾಗೆ ಅತ್ತೆ, ಎಂದು ಜಗದಾಂಬಾ ಹೇಳಿದಳು. ಮುಖ ತಾನಾಗೇ ಹಾಗಾಗುವುದಿಲ್ಲ ಎಂದು ಸುಭದ್ರಮ್ಮ ಗೋಡೆ ಕಡೆ ತಿರುಗಿದರು. ಆಮೇಲೆ ನೋಡಲು ಬಂದವರಿಗೆಲ್ಲ, ಸೊಸೆ ಎಲ್ಲ ಮಾಡ್ತಾಳೆ, ಮನಸ್ಸಿಲ್ಲದೆ ಮಾಡ್ತಾಳೆ ಅಷ್ಟೇ, ಎಂದು ಹೇಳುವುದು ವಾಡಿಕೆಯಾಯಿತು. ಮಾತಿನಲ್ಲಿ ದ್ವೇಷವಿರಲಿಲ್ಲ. ಅದಕ್ಕೇ ಅದು ಜಗದಾಂಬಾಳಿಗೆ ಹೆಚ್ಚು ನಾಟುತ್ತಿತ್ತು. ಹದಿನೆಂಟು ತುಂಬಿದ ಹುಡುಗಿಯಾಗಿ ಆ ಮನೆಗೆ ಬಂದವಳಿಗೆ ಸೀರೆ ಉಡಲು ಸರಿಯಾಗಿ ಕಲಿಸಿದ್ದೇ ಈ ಅತ್ತೆ.

ಇದನ್ನು ಫೋನಿನಲ್ಲಿ ಓರಗಿತ್ತಿ ಅಮೂಲ್ಯಳ ಹತ್ತಿರ ತೋಡಿಕೊಂಡಾಗ ಅವಳು ನಗಲಿಲ್ಲ. ಅಮೂಲ್ಯ ಶಿವಮೊಗ್ಗದ ವಿನೋಬನಗರದಲ್ಲಿದ್ದಳು. ವಯಸ್ಸಿನಲ್ಲಿ ಹತ್ತು ವರ್ಷ ಚಿಕ್ಕವಳು, ಲೋಕಜ್ಞಾನದಲ್ಲಿ ಇಪ್ಪತ್ತು ವರ್ಷ ದೊಡ್ಡವಳು. ದುರ್ಗಿಗುಡಿಯಲ್ಲಿ ಒಂದು ಕ್ಲಿನಿಕ್ ಇದೆ, ತಿಂಗಳಿಗೊಮ್ಮೆ ಹುಬ್ಬಳ್ಳಿಯಿಂದ ಡಾಕ್ಟರು ಬರುತ್ತಾರೆ, ಸಣ್ಣ ಸೂಜಿಯಲ್ಲಿ ಚುಚ್ಚಿದರೆ ಗೆರೆ ಮಾಯ, ಎಂದಳು. ಔಷಧಿಯ ಸೀಸೆ ಒಮ್ಮೆ ತೆರೆದರೆ ಅವತ್ತೇ ಮುಗಿಸಬೇಕು. ಒಬ್ಬಳಿಗೆ ಒಂದು ಸೀಸೆ ಹೆಚ್ಚು. ಹಲಸಿನ ಹಣ್ಣು ಕೊಯ್ದಮೇಲೆ ಪಕ್ಕದ ಮನೆಯವರನ್ನು ಕೂಗುವ ಹಾಗೆ ಅವಳೂ ಒಬ್ಬ ಪಾಲುದಾರಳನ್ನು ಹುಡುಕುತ್ತಿದ್ದಳು.

"ಬಾ ಅಕ್ಕ. ಅತ್ತೆಗೆ ನಗುಮುಖ ತೋರಿಸ್ದಂಗೂ ಆಗುತ್ತೆ. ಆದ್ರೆ ಒಂದು ನರಪಿಳ್ಳೆಗೂ ಗೊತ್ತಾಗಬಾರದು. ಮಲ್ಲಿಕ್‌ಗೆ ಗೊತ್ತಾದ್ರೆ ನನ್ನ ಕತೆ ಮುಗೀತು."

ಅಮೂಲ್ಯಳ ಗಂಡ ಮಲ್ಲಿಕ್ ತನ್ನ ಆಫೀಸಿನವರೊಬ್ಬರ ಹೆಂಡತಿ ಹೀಗೆ ಮಾಡಿಸಿಕೊಂಡದ್ದನ್ನು ಮೂರು ಮದುವೆಗಳಲ್ಲಿ ಅಭಿನಯಿಸಿ ತೋರಿಸಿದ್ದ. ತನ್ನ ಮನೆಯ ಹೆಂಗಸರು ಅಂಥವರಲ್ಲ ಎಂದು ಪ್ರತಿ ಸಲವೂ ಕೊನೆಗೆ ಸೇರಿಸುತ್ತಿದ್ದ. ಅಮೂಲ್ಯ ಪಕ್ಕದಲ್ಲೇ ಕುಳಿತು ನಗುತ್ತಿದ್ದಳು. ಕಣ್ಣಿನ ಅಂಚಿನ ಸುಕ್ಕು ಅವಳಿಗೆ ಹೆಚ್ಚಾದದ್ದು ಅಲ್ಲಿಯೇ ಇರಬೇಕು.

ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಗಂಡ ವಿಜಯಕುಮಾರನಿಗೆ ಹೇಳಿ, ಪಕ್ಕದ ಮನೆಯವರನ್ನು ಅತ್ತೆಯ ಹತ್ತಿರ ಕೂರಿಸಿ ಜಗದಾಂಬಾ ಬಸ್ಸು ಹತ್ತಿದಳು. ಕಟ್ಟಡದ ಕೆಳಗೆ ಚಪ್ಪಲಿ ಅಂಗಡಿ, ಮೇಲೆ ಮುಖದ ಅಂಗಡಿ. ಹೆಸರು ಬರೆಸಿದ್ದು ಅಮೂಲ್ಯಳದೊಂದೇ, ಅಕ್ಕನೆಂದು ಹೇಳಿ ಇವಳನ್ನು ಜೊತೆಗೆ ಸೇರಿಸಿದ್ದಳು. ಡಾಕ್ಟರು ಚಿಕ್ಕ ಹುಡುಗಿ. ಕೈಯಲ್ಲಿ ಬಿಳಿ ಪೆನ್ಸಿಲು ಹಿಡಿದು, ಎಲ್ಲಿ ಆಂಟಿ, ಸ್ವಲ್ಪ ಸಿಟ್ಟು ಮಾಡ್ಕೊಳ್ಳಿ, ಎಂದಳು. ಜಗದಾಂಬಾ ಎಷ್ಟು ಪ್ರಯತ್ನಪಟ್ಟರೂ ನಾಚಿಕೆ ಬಂತೇ ಹೊರತು ಸಿಟ್ಟು ಬರಲಿಲ್ಲ. ಕೊನೆಗೆ ಅಮೂಲ್ಯಳೇ ಕಿವಿಯ ಹತ್ತಿರ ಬಗ್ಗಿ, ಅತ್ತೆ ತಮ್ಮ ತಂಗಿ, ಆಯನೂರು ಚಿಕ್ಕಮ್ಮನ ಹತ್ತಿರ, ದೊಡ್ಡ ಸೊಸೆ ಗಂಜಿಗೆ ಉಪ್ಪೂ ಎಣಿಸಿ ಹಾಕ್ತಾಳೆ ಅಂದಿದ್ದಾರೆ ಎಂದು ಪಿಸುಗುಟ್ಟಿದಳು. ಹುಬ್ಬು ಕೂಡಿದವು. ಡಾಕ್ಟರು ಗುರುತು ಹಾಕಿಕೊಂಡಳು.

ಇರುವೆ ಕಚ್ಚಿದಷ್ಟೇ ನೋವು. ಅಮೂಲ್ಯ ಕಣ್ಣಿನ ಅಂಚಿಗೆ ಮಾತ್ರ ಮಾಡಿಸಿಕೊಂಡು, ಹಣೆ ಬೇಡ ಡಾಕ್ಟ್ರೇ, ನನಗೆ ಅದರ ಕೆಲಸ ಇನ್ನೂ ಇದೆ, ಎಂದಳು. ಸೀಸೆಯಲ್ಲಿ ಉಳಿದದ್ದು ಜಗದಾಂಬಾಳ ಹುಬ್ಬಿನ ನಡುವೆಯೂ ಹಣೆಯ ಉದ್ದಕ್ಕೂ ಹೋಯಿತು. ನಾಲ್ಕು ತಿಂಗಳು ಅಲುಗಾಡುವುದಿಲ್ಲ ಎಂದು ಡಾಕ್ಟರು ಭರವಸೆ ಕೊಟ್ಟಳು.

ಎರಡು ವಾರದೊಳಗೆ ಅವಳ ಹಣೆ ಇಸ್ತ್ರಿ ಮಾಡಿದ ದಿಂಬಿನ ಕವರಿನ ಹಾಗಾಯಿತು. ಗಂಡನಿಗೆ ತಿಳಿಯಲಿಲ್ಲ. ಓಲ್ಡ್ ಟೌನಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ವಿಜಯಕುಮಾರ ಬಟ್ಟೆಯ ಮೇಲಿನ ಒಂದು ನೂಲಿನ ದೋಷವನ್ನು ದೂರದಿಂದ ಕಾಣುವವನು, ಆದರೆ ಅವನ ನೋಟ ಅಂಗಡಿಯ ಬಾಗಿಲು ಹಾಕಿದಮೇಲೆ ಕೆಲಸ ಮಾಡುತ್ತಿರಲಿಲ್ಲ. ಕಂಡದ್ದು ಸುಭದ್ರಮ್ಮನಿಗೆ. ಒಂದು ಮಧ್ಯಾಹ್ನ ಚಮಚ ಬಾಯಿಗೆ ಬರುವ ಮೊದಲೇ ಸೊಸೆಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು.

"ಸಿಟ್ಟು ಇಳೀತೇನೇ?"

"ಇಳೀತು ಅತ್ತೆ."

"ನಂಗೂ ಸಮಾಧಾನ ಆಯ್ತು ಕಣೇ," ಎಂದವರು ಅವತ್ತು ಇನ್ನೊಂದು ಬಟ್ಟಲು ಗಂಜಿ ಕೇಳಿ ಕುಡಿದರು. ಆಮೇಲಿನ ದಿನಗಳಲ್ಲಿ ಅತ್ತೆ ಸೊಸೆ ಹಳೆಯ ಮದುವೆಗಳ ಸುದ್ದಿ ಮಾತಾಡಿಕೊಂಡು, ಸತ್ತವರನ್ನೂ ಬಿಡದೆ ಆಡಿಕೊಂಡು ನಕ್ಕರು. ಹಾಗೆ ನಗುತ್ತಲೇ ಒಂದು ಬೆಳಿಗ್ಗೆ, ಜಗದಾಂಬಾ ಅತ್ತೆಯನ್ನು ಎತ್ತಿ ಕೂರಿಸಿ ತಲೆ ಬಾಚುತ್ತಿದ್ದಾಗ, ಸುಭದ್ರಮ್ಮ ಅವಳ ಭುಜಕ್ಕೆ ಒರಗಿದವರು ಮತ್ತೆ ಏಳಲಿಲ್ಲ.

ವಿಭೂತಿ ಹಚ್ಚಿ, ಹೂ ಮುಡಿಸಿ, ಹಜಾರದಲ್ಲಿ ಸುಭದ್ರಮ್ಮನನ್ನು ಕೂರಿಸಿದ್ದರು. ಭಜನೆಯವರು ಬಂದರು. ಆಯನೂರಿಂದ ಚಿಕ್ಕಮ್ಮ ಬಂದರು. ಜಗದಾಂಬಾ ಅತ್ತೆಯ ಕಾಲ ಬಳಿ ಕುಳಿತು ಅತ್ತಳು. ನೀರು ಇಳಿಯುತ್ತಲೇ ಇತ್ತು, ಸೆರಗು ಒದ್ದೆಯಾಗಿತ್ತು. ಆದರೆ ಹಣೆಯಲ್ಲಿ ಒಂದು ಗೀರಿಲ್ಲ, ಹುಬ್ಬು ಮಿಸುಕಲಿಲ್ಲ. ದುಃಖವೆಲ್ಲ ಮೂಗಿನಿಂದ ಕೆಳಗೆ ನಡೆಯುತ್ತಿತ್ತು. ಮೇಲಿನರ್ಧ ಸಂಜೆಯ ಧಾರಾವಾಹಿ ನೋಡುವವರ ಹಾಗೆ ತಣ್ಣಗಿತ್ತು. ಪಕ್ಕದಲ್ಲಿ ಅಮೂಲ್ಯ ಹಣೆಯನ್ನೆಲ್ಲ ಹಿಂಡಿ ಹಿಪ್ಪೆ ಮಾಡಿ ಅಳುತ್ತಿದ್ದಳು. ತಿಂಗಳಿಗೊಮ್ಮೆ ಹಣ್ಣು ಹಿಡಿದು ಬಂದು ಹೋಗುತ್ತಿದ್ದ ಸೊಸೆಯ ಸಂಕಟ ಕಂಡು ಭಜನೆಯವರೇ ಒಂದು ಸಾಲು ತಪ್ಪಿದರು.

"ಈರುಳ್ಳಿ ಹೆಚ್ಚಿದಂಗೆ ನೀರು ಬರ್ತಿದೆ ನೋಡೇ," ಎಂದರು ಚಿಕ್ಕಮ್ಮ, ಜಗದಾಂಬಾಳನ್ನು ತೋರಿಸಿ. ಪಿಸುಮಾತು ಎಂದು ಅವರು ತಿಳಿದದ್ದು ಬೀದಿಯವರೆಗೆ ಕೇಳುತ್ತಿತ್ತು. "ಭಾರ ಇಳಿದೋರ ಮುಖ ಅದು."

ಜಗದಾಂಬಾ ಅಮೂಲ್ಯಳ ಕಡೆ ನೋಡಿದಳು. ಈ ಮನೆಯಲ್ಲಿ ಆ ಹಣೆಯ ಗುಟ್ಟು ಗೊತ್ತಿದ್ದವಳು ಅವಳೊಬ್ಬಳೇ. ಗುಟ್ಟು ಬಿಡಬೇಕೆಂದೇನಿರಲಿಲ್ಲ. ಸುಮ್ಮನಿರಿ ಚಿಕ್ಕಮ್ಮ, ಎಂದಿದ್ದರೆ ಸಾಕಿತ್ತು. ಅಮೂಲ್ಯ ಕಣ್ಣೊರೆಸಿಕೊಂಡು ಮೆತ್ತಗೆ ಹೇಳಿದಳು:

"ಹೋಗ್ಲಿ ಬಿಡಿ ಚಿಕ್ಕಮ್ಮ. ಅಕ್ಕಂದು ಮೊದ್ಲಿಂದ ಗಟ್ಟಿ ಮನಸ್ಸು."

ವಿಜಯಕುಮಾರ ಇಬ್ಬರ ಮಾತನ್ನೂ ಕೇಳಿಸಿಕೊಂಡ. ಅಲ್ಲಿಂದ ಹೆಂಡತಿಯೊಡನೆ ಅವನ ಮಾತು ಅಕ್ಕಿ, ಶಾಮಿಯಾನ, ಅಡಿಗೆಯವರ ವಿಷಯಕ್ಕೆ ಸೀಮಿತವಾಯಿತು. ಮೂರು ದಿನ ಕಳೆದಮೇಲೆ, ಟವೆಲು ಮಡಚುತ್ತಾ ಅವಳ ಮುಖ ನೋಡದೆ ಕೇಳಿದ.

"ಅಮ್ಮ ಹೋಗಿದ್ದು ನಿಂಗೆ ನಿರಾಳ ಆಯ್ತಾ ಜಗದಾ? ಆಗಿದ್ರೂ ತಪ್ಪು ಅನ್ನಲ್ಲ. ನಿಜ ಹೇಳು."

ಬೇರೆ ಯಾರು ಏನೆಂದುಕೊಂಡರೂ ಅವಳು ಸಹಿಸುತ್ತಿದ್ದಳೇನೋ. ಇವನು ಕೇಳಿದ್ದನ್ನು ಸಹಿಸಲಾಗಲಿಲ್ಲ. ಎಲ್ಲ ಹೇಳಿದಳು. ಸೀಸೆ, ಸೂಜಿ, ಯಾಕೆ ಹೋದದ್ದು, ಯಾರ ಜೊತೆ ಹೋದದ್ದು. ವಿಜಯಕುಮಾರ ಬಾಯಿ ತೆರೆದು ಕೇಳಿದ. ಅವನಿಗೆ ಗೊತ್ತಿದ್ದ ಇಂಜೆಕ್ಷನ್ನುಗಳು ಎರಡೇ ಜಾತಿ, ತೋಳಿನದು ಮತ್ತು ಸೊಂಟದ್ದು. ಜ್ವರವಿಲ್ಲದ ಹೆಂಗಸು ಹಣೆಗೆ ಚುಚ್ಚಿಸಿಕೊಂಡಳು, ಅದೂ ಅತ್ತೆಗೋಸ್ಕರ, ಎಂಬುದು ಅವನ ತಲೆಗೆ ಇಳಿಯಲಿಲ್ಲ. ಕ್ಲಿನಿಕ್ಕಿಗೇ ಹೋಗಿ ಕೇಳಿ ಬನ್ನಿ ಎಂದಳು. ಹೆಂಗಸರ ಆ ಜಾಗಕ್ಕೆ ಮಹಡಿ ಹತ್ತಿ ನಾನು ಏನಂತ ಕೇಳಲಿ ಎಂದ. ಹಾಗಾದರೆ ಅಮೂಲ್ಯಳನ್ನು ಕೇಳಿ ಎಂದಳು. ಇದಕ್ಕೆ ಅವನು ಒಪ್ಪಿದ.

ಶಿವಗಣಾರಾಧನೆಯ ದಿನ ಅಡುಗೆಮನೆಯಲ್ಲಿ ಜಗದಾಂಬಾ ಓರಗಿತ್ತಿಯ ಕೈ ಹಿಡಿದು ನಿಲ್ಲಿಸಿದಳು. ಮಲ್ಲಿಕ್‌ಗೆ ಬೇಡ, ಚಿಕ್ಕಮ್ಮನಿಗೂ ಬೇಡ, ನಿಮ್ಮ ಭಾವನಿಗೆ ಒಬ್ಬರಿಗೆ ಹೇಳು, ನಾನು ಬೇರೇನೂ ಕೇಳೋದಿಲ್ಲ, ಎಂದಳು. ಅಮೂಲ್ಯ ಕೈ ಬಿಡಿಸಿಕೊಳ್ಳಲಿಲ್ಲ.

"ಅಯ್ಯೋ ಮಾರಾಯ್ತಿ, ಇಷ್ಟಕ್ಕೆ ಯಾಕೆ ಹೀಗೆ ಕೊರಗ್ತೀಯ. ಈಗ್ಲೇ ಹೇಳ್ತೀನಿ ಬಾ."

ಹೋಗಿ ಹೇಳಿದಳು. ಅಡುಗೆಮನೆಯ ಕಿಟಕಿಯಿಂದ ಜಗದಾಂಬಾ ನೋಡಿದಳು. ಶಾಮಿಯಾನದ ಮೂಲೆಯಲ್ಲಿ ಅಮೂಲ್ಯ ತುಂಬಾ ಹೊತ್ತು ಮಾತಾಡಿದಳು. ವಿಜಯಕುಮಾರ ತಲೆ ತಗ್ಗಿಸಿ ಕೇಳಿದ, ಎರಡು ಸಲ ಕಣ್ಣೊರೆಸಿಕೊಂಡ. ಜಗದಾಂಬಾಳ ಎದೆಯ ಮೇಲಿನ ಚಪ್ಪಡಿ ಸರಿದ ಹಾಗಾಯಿತು. ಹೋಳಿಗೆಯನ್ನು ಅಮೂಲ್ಯಳ ಎಲೆಗೆ ತಾನೇ ಬಡಿಸಿದಳು, ತುಪ್ಪ ಕೇಳದೆ ಸುರಿದಳು.

ಸಂಜೆ ನೆಂಟರೆಲ್ಲ ಹೊರಟಮೇಲೆ ವಿಜಯಕುಮಾರ ಎರಡು ಲೋಟ ಕಾಫಿ ಮಾಡಿ ತಂದ. ಅವನು ಮಾಡಿದ ಕಾಫಿಯನ್ನು ಆ ಮನೆ ಅದುವರೆಗೆ ಕಂಡಿರಲಿಲ್ಲ. ಸಕ್ಕರೆ ಕರಗಿರಲಿಲ್ಲ. ಹೆಂಡತಿಯ ಪಕ್ಕ, ಮುಟ್ಟುವಷ್ಟು ಹತ್ತಿರ ಕುಳಿತ.

"ಅಮೂಲ್ಯ ಎಲ್ಲಾ ಹೇಳಿದ್ಲು," ಎಂದ. "ನಾನು ನಿನ್ನನ್ನ ಹಾಗೆ ಕೇಳಬಾರದಿತ್ತು. ನೀನು ಅಮ್ಮನಿಗೆ ಎಷ್ಟು ಅಂಟಿಕೊಂಡಿದ್ದೆ ಅನ್ನೋದು ನಂಗೆ ಅರ್ಥ ಆಗ್ಲಿಲ್ಲ."

ಜಗದಾಂಬಾ ಅತ್ತಳು. ಅಳುತ್ತಲೇ ಕಾಫಿ ಕುಡಿದಳು. ಅವನು ಬೆನ್ನು ಸವರಿದ.

"ದುಃಖ ಒಳಗೇ ಇಟ್ಕೊಂಡ್ರೆ ಹೀಗೇ ಆಗುತ್ತಂತೆ. ಮುಖ ಮರಗಟ್ಟಿ ಹೋಗುತ್ತಂತೆ. ಆಮೇಲೆ ಮನಸ್ಸೇ ಏನೇನೋ ಕಟ್ಕೊಳ್ಳುತ್ತಂತೆ, ಸೂಜಿ ಚುಚ್ಚಿದ್ರು, ಸೀಸೆ ಇತ್ತು ಅಂತ. ಇಂಜೆಕ್ಷನ್ ವಿಷ್ಯ ನೀನು ಅವಳಿಗೂ ಹೇಳಿದ್ಯಂತೆ, ಕೇಳಿ ಎದೆ ಧಸಕ್ ಅಂತು ಅಂದ್ಲು."

ಲೋಟ ಅವಳ ತುಟಿಯ ಹತ್ತಿರವೇ ನಿಂತಿತು.

"ಹೆದರಬೇಡ, ಹುಚ್ಚು ಅಂತ ಯಾರೂ ಅನ್ನಲ್ಲ. ಮನಸ್ಸಿಗೆ ನೋಡೋ ಒಬ್ಬ ಒಳ್ಳೆ ಡಾಕ್ಟರು ಶಿವಮೊಗ್ಗದಲ್ಲಿದಾರಂತೆ. ಅಮೂಲ್ಯನೇ ಟೈಮ್ ತಗೊಂಡಿದಾಳೆ."

ಅವಳು ಅವನನ್ನೇ ನೋಡಿದಳು. ಅವನ ಕಣ್ಣಿನಲ್ಲಿ ಸಂಶಯವಿರಲಿಲ್ಲ. ಅವಳು ಅತ್ತೆಗಾಗಿ ಅತ್ತದ್ದನ್ನು ಅವನು ಈಗ ಪೂರ್ತಿ ನಂಬಿದ್ದ. ಅವಳು ಇನ್ನು ಬಾಯಿಬಿಟ್ಟು ಹೇಳುವ ಬೇರೆ ಯಾವುದನ್ನೂ ನಂಬುವ ಹಾಗಿರಲಿಲ್ಲ.

"ನಾನು ಬರ್ತೀನಿ," ಎಂದಳು ಜಗದಾಂಬಾ, ಲೋಟ ಕೆಳಗಿಟ್ಟು. "ಆದ್ರೆ ಅಮೂಲ್ಯನೂ ಬರ್ಲಿ. ಡಾಕ್ಟರ ಎದುರು ನಾನು ಅವಳನ್ನ ಒಂದು ಮಾತು ಕೇಳ್ಬೇಕು."

ವಿಜಯಕುಮಾರನ ಮುಖ ಅರಳಿತು.

"ಅದನ್ನ ನೀನು ಹೇಳೋದೇ ಬೇಡ. ನಿನಗಿಂತ ಮೊದ್ಲು ಅವಳು ಒಳಗೆ ಹೋಗಿ, ಡಾಕ್ಟರಿಗೆ ಎಲ್ಲಾ ವಿವರಿಸ್ತಾಳಂತೆ."