ಹೊತ್ತು ಮುಳುಗಿದ ಮೇಲಿನ ಹಸಿವು

ಊರಿನ ಕ್ಲಬ್ಬಿನ ಹುಡುಗ ಶಿಬು ಆಟೋದಲ್ಲಿ ಹೇರಿಕೊಂಡು ಬಂದ ಬಾಡಿಗೆ ಪಾತ್ರೆಗಳನ್ನು ನಾನು ಅಂಗಳದಿಂದಲೇ ವಾಪಸು ಕಳಿಸಿದೆ. ಹಿಂದಿನ ಭಾನುವಾರವಷ್ಟೇ ಅವುಗಳಲ್ಲಿ ಯಾರದೋ ಮದುವೆಯ ಕೋಳಿ ಬಿರಿಯಾನಿ ಬೆಂದಿತ್ತು. "ಅಮ್ಮಮ್ಮ, ಬಿಸಿನೀರಲ್ಲಿ ತೊಳೆದಿದ್ದಾರೆ, ಒಂದು ಪ್ರಶ್ನವೂ ಇಲ್ಲ, ಏನೂ ತೊಂದರೆ ಇಲ್ಲ" ಎಂದು ಅವನು ತನ್ನ ಮಲಯಾಳ ಬೆರೆತ ಕನ್ನಡದಲ್ಲಿ ಗೋಗರೆದ. ನಾನು ಜಗ್ಗಲಿಲ್ಲ. ಬಸದಿಯ ಕಂಚಿನ ಉರುಳಿ ತಂದರೆ ಪಾಯಸ, ಇಲ್ಲದಿದ್ದರೆ ಇಲ್ಲ ಎಂದೆ. ಎಪ್ಪತ್ತರ ಮುದುಕಿಯ ಹಟ ಎಂದುಕೊಂಡು ಅವನು ಹೋದ. ನಿಜ ಹೇಳಬೇಕೆಂದರೆ, ಪಾತ್ರೆ ಸಿಗದೆ ಇಡೀ ಕೆಲಸವೇ ನಿಂತುಹೋಗಲಿ ಎಂಬ ಆಸೆ ನನಗಿತ್ತು. ಅರ್ಧ ಗಂಟೆಯಲ್ಲಿ ಬಸದಿಯ ಎರಡು ದೊಡ್ಡ ಉರುಳಿಗಳು ಬಂದು ಕೂತವು.

ನಮ್ಮ ಕಲ್ಪೆಟ್ಟದ ಕಡೆ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಊರಿನ ಕ್ಲಬ್ಬಿನವರು ಬಿರಿಯಾನಿ ಚಾಲೆಂಜ್ ಇಡುತ್ತಾರೆ. ಮೊದಲೇ ಆರ್ಡರ್ ತೆಗೆದುಕೊಂಡು, ಎಲ್ಲರೂ ಸೇರಿ ಬೇಯಿಸಿ, ಪೊಟ್ಟಣ ಕಟ್ಟಿ ಮನೆಮನೆಗೆ ಮುಟ್ಟಿಸುತ್ತಾರೆ. ಉಳಿದ ಹಣ ರೋಗಿಯ ಚಿಕಿತ್ಸೆಗೆ. ನಮ್ಮದು ಜೈನರ ಮನೆಯಾದ್ದರಿಂದ ಬಿರಿಯಾನಿಯ ಬದಲು ಪಾಯಸ. ಇನ್ನೊಂದು ವ್ಯತ್ಯಾಸವೂ ಇತ್ತು. ನಮ್ಮ ಮನೆಯಲ್ಲಿ ರೋಗಿ ಇರಲಿಲ್ಲ. ನನ್ನ ಮೊಮ್ಮಗಳು ಅಂಜನ ಹೋಗಿ ಹತ್ತು ತಿಂಗಳಾಗಿತ್ತು. ಎಂಟು ವರ್ಷದ ಕೂಸು, ರಕ್ತದ ಕ್ಯಾನ್ಸರ್.

ಮಗ ಶ್ರೇಯಾಂಸ್ ಕೊನೆಯ ದಿನ ಕೋಝಿಕ್ಕೋಡಿನ ಡಾಕ್ಟರನ್ನು ಒಂದೇ ಪ್ರಶ್ನೆ ಕೇಳಿದ್ದ. ಬೇರೆ ಮಕ್ಕಳಿಗೆ ಹಿಡಿದ ಮದ್ದು ನಮ್ಮ ಮಗುವಿಗೆ ಯಾಕೆ ಹಿಡಿಯಲಿಲ್ಲ? ಆ ಡಾಕ್ಟರ್ ಒಳ್ಳೆಯವರು, ಸುಳ್ಳು ಹೇಳಲಿಲ್ಲ. ಹೆಚ್ಚಿನ ಮಕ್ಕಳು ಗುಣವಾಗುತ್ತಾರೆ, ಕೆಲವರಲ್ಲಿ ರೋಗ ಮದ್ದಿಗೆ ಬಗ್ಗುವುದಿಲ್ಲ, ಯಾಕೆಂದು ಇನ್ನೂ ಪೂರ್ತಿ ಗೊತ್ತಿಲ್ಲ, ಅದನ್ನೇ ಹುಡುಕುವ ಸಂಶೋಧನೆ ನಡೆಯುತ್ತಿದೆ ಎಂದರು. ಮೆಣಸಿನ ಬಳ್ಳಿ ಒಣಗಿದರೆ ಬೇರು ಅಗೆದು ನೋಡದೆ ಬಿಡದ ಜಾತಿ ನನ್ನ ಮಗ. ಆ ಸಂಶೋಧನೆಗೆ ಹಣ ಕೂಡಿಸುತ್ತೇನೆ ಎಂದು ಹೊರಟ. ಅವನ ಮುಖದಲ್ಲಿ ಅಷ್ಟಾದರೂ ಜೀವ ಬಂತಲ್ಲ ಎಂದು ನಾವೆಲ್ಲ ಹೂಂ ಎಂದೆವು.

ಆದರೆ ಅವನೂ ಡಾಕ್ಟರೂ ಹುಡುಕುತ್ತಿದ್ದ ಉತ್ತರ ನನಗೆ ಗೊತ್ತಿದೆ ಎಂದು ನಾನು ಹತ್ತು ತಿಂಗಳಿಂದ ನಂಬಿದ್ದೆ. ಯಾರಿಗೂ ಹೇಳಿರಲಿಲ್ಲ.

ಪಾಯಸದ ಡಬ್ಬಗಳಿಗೆ ಅಂಟಿಸುವ ಚೀಟಿಯನ್ನು ಬರೆದವಳು ಸೊಸೆ ಲತಾಮಣಿ. ಮೇಲೆ ಮಲಯಾಳದಲ್ಲಿ, ಕೆಳಗೆ ಕನ್ನಡದಲ್ಲಿ. 'ಅಂಜನಳಿಗೆ ಅಜ್ಜಿ ಕೈಯಾರೆ ಉಣ್ಣಿಸುತ್ತಿದ್ದ ಪಾಯಸ. ಇನ್ನೊಂದು ಮಗು ಉಳಿಯಲಿ.' ಪಕ್ಕದಲ್ಲಿ ಎರಡು ಜಡೆಯ ಅಂಜನ ನಗುತ್ತಿದ್ದಳು, ಕೂದಲು ಉದುರುವ ಮೊದಲಿನ ಫೋಟೋ. ಚೀಟಿಯ ಕಟ್ಟು ಪ್ರೆಸ್ಸಿನಿಂದ ಬಂದ ದಿನ ಲತಾಮಣಿ ಅದನ್ನು ಮೊದಲು ನನ್ನ ಕೈಗೇ ಕೊಟ್ಟಳು. ನಾನು ಕನ್ನಡಕ ಸಿಗುತ್ತಿಲ್ಲ ಎಂದೆ. ಕನ್ನಡಕ ಮೂಗಿನ ಮೇಲೇ ಇತ್ತು. ಪಾಪ, ಅವಳು ನನ್ನ ಮುಖ ನೋಡಿ, ದುಃಖಕ್ಕೆ ಹೀಗಾಡುತ್ತಿದ್ದಾರೆ ಎಂದುಕೊಂಡಳು.

ನಡೆದದ್ದು ಇಷ್ಟು. ಮದ್ದು ಶುರುವಾದ ಮೊದಲ ತಿಂಗಳು ಮಗುವಿಗೆ ಒಂದು ಮಾತ್ರೆ ಕೊಡುತ್ತಿದ್ದರು. ಅದು ಹೊಟ್ಟೆಯಲ್ಲಿ ಬೆಂಕಿ ಹಚ್ಚುವ ಮಾತ್ರೆ. ಉಂಡು ಕೈತೊಳೆದ ಮಗು ಮತ್ತೆ ತಟ್ಟೆ ಹಿಡಿದು ಬರುತ್ತಿತ್ತು. ಕೇಳಿದಾಗೆಲ್ಲ ಕೊಡಿ ಎಂದು ಆಸ್ಪತ್ರೆಯವರು ಹೇಳಿದ್ದರು, ಮನೆಯಲ್ಲಿ ಬಿಸಿಯಾಗಿ ಮಾಡಿದ್ದನ್ನು ಮಾತ್ರ, ಹೊರಗಿನದು ಬೇಡ. ಲತಾಮಣಿ ಹಾಗೆಯೇ ನೋಡಿಕೊಂಡಳು. ನಾನು ನನಗೆ ತಿಳಿದದ್ದನ್ನು ಮಾಡಿದೆ. ಮಗುವಿನ ಹೆಸರಿನಲ್ಲಿ ಒಂಬತ್ತು ದಿನದ ನೋಂಪಿಯ ವ್ರತ ಹಿಡಿದೆ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ ಎಂಬುದು ನನಗೆ ಹುಟ್ಟಿನಿಂದ ಬಂದ ನಿಯಮ. ಮಕ್ಕಳಿಗೂ ರೋಗಿಗಳಿಗೂ ಅದರ ಕಟ್ಟಿಲ್ಲ ಎಂದು ಬಸದಿಯ ಪುರೋಹಿತರೇ ಹೇಳಿದ್ದರು. ನಾನು ಅವರಿಗಿಂತ ಬುದ್ಧಿವಂತೆ. ಮಗುವಿನ ಹೆಸರಿನ ನೋಂಪಿಯನ್ನು ಮಗುವೇ ಮುರಿದರೆ ಫಲ ಎಲ್ಲಿಂದ ಬರಬೇಕು ಎಂದು ಲೆಕ್ಕ ಹಾಕಿದೆ. ಎಂಟು ದಿನ ಲತಾಮಣಿ ನನ್ನ ಮಾತು ಕಿವಿಗೆ ಹಾಕಿಕೊಳ್ಳದೆ ಮಗುವಿಗೆ ಸಂಜೆ ಉಣ್ಣಿಸಿದಳು. ನಾನು ಹಲ್ಲು ಕಚ್ಚಿ ಸುಮ್ಮನಿದ್ದೆ.

ಒಂಬತ್ತನೆಯ ದಿನ ಮಜ್ಜೆಯ ಪರೀಕ್ಷೆಯ ವಿಷಯ ಮಾತಾಡಲು ಡಾಕ್ಟರ್ ತಂದೆತಾಯಿ ಇಬ್ಬರನ್ನೂ ಕರೆದಿದ್ದರು. ಮಗುವನ್ನು ನನ್ನ ಹತ್ತಿರ ಬಿಟ್ಟು ಹೋದರು. ಜೊತೆಗಿರಲಿ ಎಂದು, ಮೂವತ್ತು ವರ್ಷದಿಂದ ನಮ್ಮ ತೋಟಕ್ಕೂ ಮನೆಗೂ ಬರುವ ವೆಳ್ಳಚ್ಚಿಯನ್ನು ಲತಾಮಣಿ ಉಳಿಸಿಹೋದಳು. ಬರುವಾಗ ಚುರದ ಘಾಟಿ ರಸ್ತೆಯಲ್ಲಿ ಲಾರಿ ಕೆಟ್ಟು ದಾರಿ ಕಟ್ಟಿತು. ಐದಕ್ಕೆ ಬರಬೇಕಾದವರು ಘಾಟಿಯ ತಿರುವಿನಲ್ಲಿ ಸಿಕ್ಕಿಕೊಂಡರು.

ಆರೂವರೆಗೆ ಅಂಜನ ತಟ್ಟೆ ಹಿಡಿದು ಬಂದಳು. "ಅಜ್ಜಿ, ಬೆಳಗಿನ ಪಾಯಸ ಇದ್ಯಲ್ಲ, ವಸಿ ಬಿಸಿ ಮಾಡಿ ಕೊಡು."

"ಹೊತ್ತು ಮುಳುಗ್ತು ಮಗ. ಇವತ್ತೊಂದು ದಿನ ತಡ್ಕೊ. ನಾಳೆ ಎದ್ದ ತಕ್ಷಣ ಕೊಡ್ತೀನಿ."

"ಹೊಟ್ಟೆ ಉರೀತದೆ ಅಜ್ಜಿ."

"ನಿನ್ನ ಒಳ್ಳೇದಕ್ಕೇ ಅಲ್ವಾ ನೋಂಪಿ?"

ಅವಳು ಹಟ ಮಾಡಲಿಲ್ಲ. ಹಟ ಮಾಡಿದ್ದರೆ ಕೊಟ್ಟುಬಿಡುತ್ತಿದ್ದೆನೋ ಏನೋ. "ಆಯ್ತಜ್ಜಿ" ಎಂದು ತಟ್ಟೆಯನ್ನು ತಾನೇ ಒಯ್ದು ಗೂಡಿನಲ್ಲಿಟ್ಟಳು. ನಾನು ದೇವರ ಕೋಣೆಗೆ ಹೋಗಿ ಜಪಕ್ಕೆ ಕೂತೆ. ಎದ್ದು ಬರುವಷ್ಟರಲ್ಲಿ ಮಗು ಚಾಪೆಯ ಮೇಲೆ ಮಲಗಿ ನಿದ್ದೆ ಹೋಗಿತ್ತು. ಅತ್ತು ಸುಸ್ತಾಗಿ ಖಾಲಿ ಹೊಟ್ಟೆಯಲ್ಲಿ ಮಲಗಿತು ಎಂದುಕೊಂಡೂ, ನೋಂಪಿ ಪೂರ್ತಿಯಾಯಿತಲ್ಲ ಎಂದು ನಾನು ಸಮಾಧಾನಪಟ್ಟೆ. ಆ ಸಮಾಧಾನವನ್ನು ನೆನೆದರೆ ನನಗೆ ನನ್ನ ಮೇಲೆ ಅಸಹ್ಯ ಹುಟ್ಟುತ್ತದೆ. ಅದಾದ ನಾಲ್ಕನೆಯ ದಿನ ಜ್ವರ ಬಂತು. ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ.

ಕಾಯಿಲೆ ಮದ್ದಿಗೆ ಬಗ್ಗಿಲ್ಲ ಎಂದು ಡಾಕ್ಟರ್ ಆ ಒಂಬತ್ತನೆಯ ದಿನವೇ ಮಗನಿಗೂ ಸೊಸೆಗೂ ಹೇಳಿದ್ದರಂತೆ. ಮಗ ಆಮೇಲೆ ನನಗೆ ಎಲ್ಲ ಬಿಡಿಸಿ ಹೇಳಿದ. ಬುದ್ಧಿಗೆ ತಿಳಿಯಿತು. ಆದರೆ ಊಟ ಕೇಳಿದ ಮಗುವಿಗೆ ಇಲ್ಲ ಎಂದ ಬಾಯಿ ನನ್ನದು, ಅದಕ್ಕೆ ಯಾರ ವಿವರಣೆಯೂ ತಾಗಲಿಲ್ಲ.

ಅಂಥವಳ ಕೈಯ ಪಾಯಸವನ್ನು ಈಗ ಊರಿಗೆಲ್ಲ ಹಂಚಬೇಕಿತ್ತು.

ಪಾಯಸದ ದಿನ ಹಾಲಿನ ವ್ಯಾನು ದಾರಿಯಲ್ಲಿ ಕೆಟ್ಟಿತು. ಬೆಳಿಗ್ಗೆ ಬರಬೇಕಾದ ಹಾಲು ಮಧ್ಯಾಹ್ನ ಎರಡಕ್ಕೆ ಬಂತು. ನಮ್ಮ ಗದ್ದೆಯ ಗಂಧಕಶಾಲ ಅಕ್ಕಿ, ಹಾಲು, ಸಕ್ಕರೆ. ಅಷ್ಟೇ ನನ್ನ ಪಾಯಸ. ಆತುರ ಮಾಡಿದರೆ ಕೆಡುತ್ತದೆ. ಸಣ್ಣ ಉರಿಯಲ್ಲಿ ಹಾಲು ಕೆಂಪಗಾಗುವವರೆಗೆ ಕೈಬಿಡದೆ ತಿರುವಬೇಕು. ಎಲ್ಲರೂ ಸರದಿಯಲ್ಲಿ ತಿರುವಿದೆವು. ಮೊದಲ ಉರುಳಿಯ ಡಬ್ಬಗಳನ್ನು ಹೇರಿಕೊಂಡು ಶ್ರೇಯಾಂಸನೂ ಶಿಬುವೂ ಹೋಗುವಾಗ ಸಂಜೆಯಾಗಿತ್ತು. ಎರಡನೆಯ ಉರುಳಿಯ ಮುಂದೆ ಜಗಲಿಯಲ್ಲಿ ನಾವು ಮೂವರು ಉಳಿದೆವು. ನಾನು ಸೌಟಿನಲ್ಲಿ ತುಂಬುವುದು, ಲತಾಮಣಿ ಮುಚ್ಚಳ ಒತ್ತಿ ಚೀಟಿ ಅಂಟಿಸುವುದು, ವೆಳ್ಳಚ್ಚಿ ಒರೆಸಿ ಜೋಡಿಸುವುದು. ವೆಳ್ಳಚ್ಚಿ ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ಒಂದು ತೊಟ್ಟು ಪಾಯಸವನ್ನೂ ಮುಟ್ಟಿರಲಿಲ್ಲ.

"ಅತ್ತೆ, ಹೊತ್ತು ಮುಳುಗ್ತಾ ಬಂತು. ನೀವು ಎದ್ದು ಊಟ ಮುಗ್ಸಿ, ನಾವು ನೋಡ್ಕೊತೀವಿ" ಎಂದಳು ಲತಾಮಣಿ.

"ನಂಗೆ ಹಸಿವಿಲ್ಲ" ಎಂದೆ.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಪಾಯಸ ಮುಟ್ಟಿದ ಮನೆಯವರು ಯಾರೋ. ಅವಳು ಮಲಯಾಳದಲ್ಲಿ ಮಾತಾಡಿದಳು. ಮುಖದಲ್ಲಿ ಹತ್ತು ತಿಂಗಳಲ್ಲಿ ನೋಡದ ಒಂದು ಸಣ್ಣ ನಗು. ಹೌದು, ನಮ್ಮ ಅತ್ತೆಯದೇ ಕೈ, ಮಗು ಯಾವ ಹೊತ್ತಿನಲ್ಲಿ ಕೇಳಿದರೂ ಎದ್ದು ಮಾಡಿಕೊಡುತ್ತಿದ್ದರು, ಒಂದು ದಿನವೂ ಇಲ್ಲ ಅಂದವರಲ್ಲ ಎಂದಳು.

ಸೌಟು ನನ್ನ ಕೈಯಿಂದ ಉರುಳಿಯೊಳಗೆ ಜಾರಿತು.

"ಅಂದಿದ್ದೀನಿ" ಎಂದೆ. "ಲತಾ, ನಾನು ಇಲ್ಲ ಅಂದಿದ್ದೀನಿ."

ಅವಳು ಫೋನು ಇಟ್ಟು ನನ್ನನ್ನು ನೋಡಿದಳು. ನಾನು ನಿಲ್ಲಿಸಲಿಲ್ಲ, ನಿಲ್ಲಿಸಿದ್ದರೆ ಮತ್ತೆ ಈ ಜನ್ಮದಲ್ಲಿ ಬಾಯಿ ಬರುತ್ತಿರಲಿಲ್ಲ. ನೋಂಪಿ, ತಟ್ಟೆ, ಹೊಟ್ಟೆ ಉರೀತದೆ ಎಂದದ್ದು, ಆಯ್ತಜ್ಜಿ ಎಂದದ್ದು, ಎಲ್ಲ ಹೇಳಿದೆ. ಅವಳ ಬೆರಳಿಗೆ ಒಂದು ಚೀಟಿ ಅಂಟಿಕೊಂಡಿತ್ತು. ಅದನ್ನು ಕಿತ್ತುಕೊಳ್ಳಲೂ ಅವಳಿಗೆ ತೋಚಲಿಲ್ಲ.

"ನಾವು ಬಂದಾಗ ಒಂಬತ್ತು ಗಂಟೆ ಅತ್ತೆ" ಎಂದಳು ಕೊನೆಗೆ. "ಊಟ ಆಯ್ತಾ ಅಂತ ಕೇಳ್ದೆ ನಿಮ್ಮನ್ನ. ಆಯ್ತು ಅಂದ್ರಿ."

"ಅಂದೆ."

"ಎಬ್ಬಿಸಿ ಉಣ್ಣಿಸ್ತಿದ್ದೆ. ಒಂದು ಮಾತು ಹೇಳಿದ್ರೆ ಎಬ್ಬಿಸಿ ಉಣ್ಣಿಸ್ತಿದ್ದೆನಲ್ಲ ಅತ್ತೆ, ನನ್ನ ಮಗು ಹಸ್ಕೊಂಡು ಮಲಗ್ತಾ?"

ಮೂಲೆಯಲ್ಲಿ ಡಬ್ಬ ಒರೆಸುತ್ತಿದ್ದ ವೆಳ್ಳಚ್ಚಿಯ ಕೈ ನಿಂತಿತ್ತು.

"ಮೋಳು ಹಸ್ಕೊಂಡು ಮಲಗಿಲ್ಲ" ಎಂದಳು ಅವಳು. ಅಂಜನಳನ್ನು ಅವಳು ಮೋಳು, ಮಗಳು, ಎಂದೇ ಕರೆಯುತ್ತಿದ್ದದ್ದು.

ನಾವಿಬ್ಬರೂ ಅವಳ ಕಡೆ ತಿರುಗಿದೆವು. ಅವಳು ನೆಲ ನೋಡಿಕೊಂಡೇ ಹೇಳಿದಳು. "ಅಮ್ಮ ಜಪಕ್ಕೆ ಕೂತಾಗ ಮೋಳು ಸೌದೆ ಕೊಟ್ಟಿಗೆಗೆ ಬಂತು. ನಾನು ಅಲ್ಲಿ ಕಪ್ಪ ತಿಂತಾ ಇದ್ದೆ, ಮನೆಯಿಂದ ತಂದಿದ್ದು. ನಂಗೂ ಕೊಡು ಅಂತು. ಬೇಡ ಮೋಳೆ, ಇದು ನಿಮಗೆ ಆಗಲ್ಲ ಅಂದೆ. ಕೈ ಚಾಚಿತು. ಆ ಕೈ ನೋಡಿ ನಂಗೆ ತಡೆಯಕ್ಕೆ ಆಗಲಿಲ್ಲ."

ಕಪ್ಪ. ಮರಗೆಣಸು. ನೆಲದೊಳಗೆ ಬೆಳೆದ ಗೆಡ್ಡೆಯೊಂದನ್ನೂ ನಾನು ಈ ಮನೆಯ ಒಲೆಯ ಮೇಲೆ ಇಟ್ಟವಳಲ್ಲ. ಅದನ್ನು, ಅದೂ ಹೊತ್ತು ಮುಳುಗಿದ ಮೇಲೆ.

"ಹೊರಗಿನದು ಕೊಡಬಾರದು ಅಂತ ಹೇಳಿದ್ರಲ್ಲ ವೆಳ್ಳಚ್ಚೀ" ಎಂದಳು ಲತಾಮಣಿ, ಬಹಳ ಮೆಲ್ಲಗೆ.

"ಅದಕ್ಕೇ ಹೇಳಿಲ್ಲ. ಜ್ವರ ಬಂತು ಅಂದಾಗಲೇ ನಂಗೆ ಗೊತ್ತಾಯ್ತು. ತಣ್ಣಗಿದ್ದ ಕಪ್ಪ. ನನ್ನ ಕೈಯಿಂದಲೇ ಹೋಯ್ತು ಮೋಳು." ವೆಳ್ಳಚ್ಚಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಒಂದು ಕ್ಷಣ, ಒಂದೇ ಒಂದು ಕ್ಷಣ, ನನ್ನೊಳಗೆ ಏನೋ ಹಗುರಾಯಿತು. ಹಾಗಾದರೆ ನಾನಲ್ಲ, ಇವಳು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಲತಾಮಣಿಯ ಸಿಟ್ಟು ಆ ಕಡೆ ತಿರುಗುತ್ತಿತ್ತು. ತಿರುಗಲು ಶುರುವಾಗಿತ್ತು ಕೂಡ; ಅವಳ ಕಣ್ಣು ನನ್ನನ್ನು ಬಿಟ್ಟು ವೆಳ್ಳಚ್ಚಿಯ ಮೇಲೆ ನಿಂತಿತ್ತು. ಹತ್ತು ತಿಂಗಳು ನಾನು ಮಲಗಿದಲ್ಲಿ ಹೊರಳಿದಂತೆ ಇವಳೂ ತನ್ನ ಗುಡಿಸಲಲ್ಲಿ ಹೊರಳಿದ್ದಾಳೆ. ಆದರೂ ಬೆಳಗಾದರೆ ನಮ್ಮ ಅಂಗಳ ಗುಡಿಸಲು ಬಂದಿದ್ದಾಳೆ. ನನ್ನ ಬಗ್ಗೆ ನನಗೆ ನಾಚಿಕೆಯಾಯಿತು.

"ಅವಳ ಕಡೆ ನೋಡ್ಬೇಡ ಲತಾ" ಎಂದೆ. "ಮನೇಲಿ ಪಾಯಸ ಇತ್ತು. ಬಿಸಿ ಮಾಡಿ ಕೊಟ್ಟಿದ್ರೆ ಮಗು ಕೊಟ್ಟಿಗೆಗೆ ಯಾಕೆ ಹೋಗ್ತಿತ್ತು? ಡಾಕ್ಟ್ರಿಗೇ ಯಾಕೆ ಅಂತ ಗೊತ್ತಿಲ್ಲ. ಗೊತ್ತಾಗ್ಲಿ ಅಂತಲೇ ಅಲ್ವಾ ಶ್ರೇಯಾಂಸ ಇಷ್ಟೆಲ್ಲ ಮಾಡ್ತಿರೋದು? ಅದಕ್ಕೆ ಮೊದಲೇ ನಾವು ಇವಳ ತಲೆ ಮೇಲೆ ಹಾಕೋದು ಬೇಡ."

ನಾನು ಕೈಯೂರಿ ಎದ್ದು, ವೆಳ್ಳಚ್ಚಿಯ ಮುಂದೆ ಹೋಗಿ ಕೂತೆ. ನನಗೆ ಕೇಳಬೇಕಿದ್ದದ್ದು ಒಂದೇ.

"ಹೊಟ್ಟೆ ತುಂಬ್ತಾ ಅವಳಿಗೆ?"

ಅವಳು ತಲೆಯಾಡಿಸಿದಳು. "ತುಂಬ್ತು ಅಮ್ಮ. ನನ್ನ ಬುತ್ತಿ ಪೂರಾ ತಿಂತು. ಇನ್ನೂ ಬೇಕಾ ಅಂದೆ, ಸಾಕು ಅಂತು. ಕೈ ತೊಳಿಸ್ದೆ. ಆಮೇಲೆ ಅಂತು, ಅಜ್ಜಿಗೆ ಹೇಳ್ಬೇಡ ವೆಳ್ಳಚ್ಚೀ, ನೋಂಪಿ ಹಾಳಾಯ್ತು ಅಂತ ಅಜ್ಜಿ ಅಳ್ತಾರೆ."

ನಾನು ಅತ್ತುಬಿಟ್ಟೆ. ಗೆಡ್ಡೆ ತಿಂದು ನನ್ನ ನೋಂಪಿ ಮುರಿದ ಮಗುವನ್ನು ನೆನೆದು, ಅದು ಹೊಟ್ಟೆ ತುಂಬಿ ಮಲಗಿತ್ತಲ್ಲ ಎಂಬ ಸಂತೋಷಕ್ಕೆ ಅತ್ತೆ. ಇಷ್ಟು ಸಂತೋಷ ಕೊಟ್ಟ ನೋಂಪಿ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ.

ಕತ್ತಲಾಗಿತ್ತು. ಲತಾಮಣಿ ಎದ್ದು ದೀಪ ಹಾಕಿದಳು. ಉರುಳಿಯೊಳಗೆ ಬಿದ್ದಿದ್ದ ಸೌಟನ್ನು ಎತ್ತಿ ತೊಳೆದು ತಂದು, ಒಂದು ಲೋಟ ಪಾಯಸ ಬಗ್ಗಿಸಿ ವೆಳ್ಳಚ್ಚಿಯ ಮುಂದಿಟ್ಟಳು. "ಕುಡಿ" ಎಂದಳು. ಆಮೇಲೆ ತನಗೊಂದು ಲೋಟ ಬಗ್ಗಿಸಿಕೊಂಡು ಅವಳ ಪಕ್ಕದಲ್ಲಿ ಕೂತಳು. ಇಬ್ಬರೂ ಕುಡಿದರು.

ನನಗೆ ಅವಳು ಕೊಡಲಿಲ್ಲ. ಹೊತ್ತು ಮುಳುಗಿತು, ಅತ್ತೆ ಮುಟ್ಟುವುದಿಲ್ಲ ಎಂದೋ, ಕೊಡುವ ಮನಸ್ಸು ಬರಲಿಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ. ಅಂದು ಮಾತ್ರ, ಅವಳು ಕೊಟ್ಟಿದ್ದರೆ ಕುಡಿಯುತ್ತಿದ್ದೆ.