ಮೊದಲ ತಡಿ, ಆಮ್ಯಾಲ ಹಗ್ಗ

ಘಟಪ್ರಭೆ ತುಂಬಿ ಬಂದು ಗೋಕಾಕದಿಂದ ಮೂಡಲಗಿ ಕಡೆ ದಾಟುವ ಹಾದಿಯನ್ನೆಲ್ಲ ನುಂಗಿ ಕೂತಿತ್ತು. ನಾವೆಯವರು ನಾವೆಯನ್ನು ಮರಕ್ಕೆ ಬಿಗಿದು ಮನೆ ಸೇರಿದ್ದರು. ಇಡೀ ಊರು ಕಂಬಳಿ ಹೊದ್ದು ಸುಮ್ಮನಿದ್ದ ಅಂಥ ದಿನವೇ ದುಂಡಪ್ಪನಿಗೆ ಆಚೆ ದಂಡೆ ಬೇಕಾಗಿತ್ತು.

ದುಂಡಪ್ಪ ಬಾಡಿಗೆ ಕಾರಿನವನು. ಹುಕ್ಕೇರಿ ಸಂತೆ, ಗೋಕಾಕದ ಕೋರ್ಟು, ಯಾರದೋ ನಿಶ್ಚಿತಾರ್ಥ, ಯಾರದೋ ಬಾಣಂತಿ ಎಂದು ಊರೂರು ತಿರುಗುವವನು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವ ಅಂತ ಜನ ಆಡಿಕೊಳ್ಳುತ್ತಿದ್ದರು. ಅವನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ. ಮನೆಗೆ ಬಂದರೂ ಹೊಸ್ತಿಲ ಮೇಲೆ ನಿಂತೇ ನೀರು ಕುಡಿಯುವವನು. ಹೆಂಡತಿ ಬಾಳವ್ವ ಕೆಲವು ವರ್ಷ ಇದನ್ನು ನೋಡಿದಳು, ಆಮೇಲೆ ಯುಗಾದಿಗೆಂದು ಆಚೆ ದಂಡೆಯ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಹಿರಿಯರು ಎರಡು ಸಲ ಕರೆ ಕಳಿಸಿದರು. ಎರಡು ಸಲವೂ ಇವನಿಗೆ ಬಾಡಿಗೆ ಇತ್ತು. ಮೂರನೆಯದಕ್ಕೆ ಮಾವ ಹೇಳಿ ಕಳಿಸಿದ ಮಾತು ಒಂದೇ: ಸೋಮವಾರ ದೀಪ ಹಚ್ಚುವುದರೊಳಗೆ ಬಂದರೆ ಬಂದ, ಇಲ್ಲದಿದ್ದರೆ ಸೋಡಚೀಟಿ, ಸಂಬಂಧ ಹರಿಯಿತು.

ಆ ಸೋಮವಾರ ಇದೇ. ರಾತ್ರಿಯೆಲ್ಲ ಅವನಿಗೆ ಕಣ್ಣು ಹತ್ತಿರಲಿಲ್ಲ. ಬಾಳವ್ವ ಇಲ್ಲದ ಮನೆಯಲ್ಲಿ ತಾನು ಮಲಗಿದ್ದೇನೆ ಅನ್ನುವುದು ಅವನಿಗೆ ಅಷ್ಟು ದಿನ ತಿಳಿದೇ ಇರಲಿಲ್ಲ. ಈಗ ತಿಳಿದು, ಭಯವಾಗಿತ್ತು.

ಬೆಳಗಾಗುತ್ತಲೇ ಗೋಕಾಕ ಫಾಲ್ಸಿಗೆ ಓಡಿದ. ಹೊಳೆ ಏರಿದ್ದಕ್ಕೆ ಅಲ್ಲಿಯ ತೂಗುಸೇತುವೆಯನ್ನೂ ಮುಚ್ಚಿದ್ದರು. ಅಲ್ಲಿದ್ದ ಮುರಿಗೆಪ್ಪ ಕಾಕಾ ಹಿಂದೆ ಒಬ್ಬ ಬಿಳಿ ಸಾಹೇಬನ ಕಾರು ಹೊಡೆಯುತ್ತಿದ್ದವನು, ದುಂಡಪ್ಪನಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವನೂ ಅವನೇ. ಸ್ವಾತಂತ್ರ್ಯ ಬಂದ ಮರುವರ್ಷ ಸಾಹೇಬ ತನ್ನ ದೇಶಕ್ಕೆ ಹೋಗುವಾಗ ಒಂದು ಹಗುರ ದೋಣಿಯನ್ನು ಇವನಿಗೆ ಬಿಟ್ಟುಹೋಗಿದ್ದ. ಕಟ್ಟಿಗೆಯ ಪಕ್ಕೆಲುಬು, ಮೇಲೆ ಎಣ್ಣೆ ಕುಡಿಸಿದ ಕ್ಯಾನ್ವಾಸು, ಬಾಳೆಕಾಯಿಯ ಹಾಗೆ ಎರಡೂ ಕಡೆ ಚೂಪು ಮೂತಿ, ನಡುವೆ ಕಾಲು ತೂರಿಸಿ ಕೂಡಲು ಒಂದು ಬಾಯಿ. ದುಂಡಪ್ಪ ಹುಡುಗನಿದ್ದಾಗ ನಿಂತ ನೀರಿನಲ್ಲಿ ಅದನ್ನು ಹುಟ್ಟು ಹಾಕಿ ಆಡಿದ್ದ.

“ದೋಣಿ ಕೊಡು ಕಾಕಾ. ಕೆಳಗ ಹೊಳಿ ಅಗಲ ಆಗಿ ಸಾವಕಾಶ ಹರಿಯೂ ಜಾಗಾಕ್ಕ ಒಯ್ದು ದಾಟತೇನಿ.”

“ದಾಟಬಹುದು. ಆದ್ರ ಅಲ್ಲಿತನಕ ಹ್ಯಾಂಗ ಒಯ್ಯತಿ? ಹೊಳ್ಯಾಗ ಇಳಿಯೂದ ಸರಳ, ಕಾರಿನ ಮ್ಯಾಲ ಏರಿಸೂದ ಕಠಿಣ” ಎಂದ ಮುರಿಗೆಪ್ಪ.

ಮಾತು ಖರೆ ಇತ್ತು. ಕಾರಿನ ನೆತ್ತಿಯ ಟಪ್ಪು ಬರಿ ತಗಡು, ದೋಣಿಯ ಹೊಟ್ಟೆ ಗುಂಡಗೆ. ಸುಮ್ಮನೆ ಇಟ್ಟರೆ ಉರುಳುತ್ತಿತ್ತು. ಬೋರಲು ಹಾಕೋಣವೆಂದರೆ ಮುರಿಗೆಪ್ಪ ಒಪ್ಪಲಿಲ್ಲ. ಹೆಂಡತಿಯನ್ನು ಕರೆಯಲು ಹೊರಟವನು ದೋಣಿ ಬೋರಲು ಹಾಕಿಕೊಂಡು ಹೋಗುವುದು ಶುಭವಲ್ಲ. ಮಲಗುವ ಹೊರಸೊಂದನ್ನು ತಂದು ಟಪ್ಪಿನ ಮೇಲೆ ಅಂಗಾತ ಇಟ್ಟು ನೋಡಿದರು, ಅದರ ಕಾಲಿನ ನಡುವೆ ದೋಣಿ ಹಿಡಿಸಲಿಲ್ಲ. ನೀರು ಹೊರುವ ಹೆಂಗಸರಿಂದ ಸಿಂಬಿ ಇಸಿದುಕೊಂಡು ಕೆಳಗಿಟ್ಟರು, ದೋಣಿ ಒಂದು ಸಲ ತೂಗಿದ ಕೂಡಲೇ ಸಿಂಬಿ ಜಾರಿ ಕೆಸರಿಗೆ ಬಿತ್ತು. ಜಟಕಾದವನ ಹಳೆಯ ಜೀನು ತಂದರೆ ಅದರ ಪಟ್ಟಿಯ ಬಕ್ಕಲು ಕ್ಯಾನ್ವಾಸಿಗೆ ಚುಚ್ಚುತ್ತಿತ್ತು.

ಬಿಸಿಲು ಏರುತ್ತಿತ್ತು. ದುಂಡಪ್ಪ ಕಾರಿನ ಸುತ್ತ ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದ. ಕೊನೆಗೆ ಮುರಿಗೆಪ್ಪ ಎರಡು ಹಲಗೆಗಳಿಗೆ ದೋಣಿಯ ಹೊಟ್ಟೆ ಕೂಡುವಷ್ಟು ಕಚ್ಚು ಕೆತ್ತಿ ಟಪ್ಪಿನ ಮೇಲೆ ಅಡ್ಡ ಬಿಗಿದ. ಅದು ಸರಿಯಾಗಿ ಕೂಡುತ್ತಿತ್ತು. ದುಂಡಪ್ಪ ಹಗ್ಗಕ್ಕೆ ಕೈ ಹಾಕಿದ.

“ಮೊದಲ ತಡಿ, ಆಮ್ಯಾಲ ಹಗ್ಗ” ಎಂದ ಮುರಿಗೆಪ್ಪ, ಎಂದವನೇ ಅಗಸರ ಅಲ್ಲಪ್ಪನ ಮನೆ ಕಡೆ ನಡೆದ.

ದುಂಡಪ್ಪನಿಗೆ ಮೈಯೆಲ್ಲ ಉರಿಯಿತು. ಹುಟ್ಟಿದಾಗಿನಿಂದ ಈ ಮಾತು ಕೇಳಿ ಕೇಳಿ ಅವನ ಕಿವಿ ದಡ್ಡುಗಟ್ಟಿತ್ತು. ಅವ್ವ ತಡಿ ಅಂದಳು, ಬಾಳವ್ವ ತಡೀರಿ ಅಂದಳು, ಈಗ ಇವನೂ ತಡಿ ಅನ್ನುತ್ತಾನೆ. ತಡೆದರೆ ದೀಪ ಹಚ್ಚುವ ಹೊತ್ತು ಇವರಪ್ಪನ ಮಾತು ಕೇಳಿ ನಿಲ್ಲುತ್ತದೆಯೇ? ಓಣಿಯ ಇಬ್ಬರನ್ನು ಕರೆದು ದೋಣಿಯನ್ನು ಹಲಗೆಯ ಮೇಲೆ ಏರಿಸಿ ಗಟ್ಟಿಯಾಗಿ ಬಿಗಿದು ಕಾರು ಚಾಲೂ ಮಾಡಿದ.

“ತಡಿ, ದುಂಡಪ್ಪ, ತಡಿ” ಎನ್ನುತ್ತ ಮುರಿಗೆಪ್ಪ ಓಡಿ ಬಂದ. ಎರಡು ಕಂಕುಳಲ್ಲೂ ಏನೋ ಗಂಟು ಅವುಚಿಕೊಂಡಿದ್ದ.

“ತಡಿಯಂಗಿಲ್ಲ. ಬರೂದಿದ್ರ ಹತ್ತು.”

ಮುರಿಗೆಪ್ಪ ಗಂಟಿನ ಸಮೇತ ಹಿಂದಿನ ಸೀಟಿಗೆ ಬಿದ್ದ. ದಾರಿಯುದ್ದಕ್ಕೂ ಅವನು “ತಡಿ” ಅಂದಾಗಲೆಲ್ಲ ಇವನು ಇನ್ನಷ್ಟು ಜೋರಾಗಿ ಓಡಿಸಿದ. ತಗ್ಗುಗಳಲ್ಲಿ ಕಾರು ಎಗರಿದಾಗ ತಲೆಯ ಮೇಲೆ ದೋಣಿ ಕಿರ್ರೆಂದು ಉಜ್ಜುವುದು ಕೇಳುತ್ತಿತ್ತು. ಗೋಕಾಕ ದಾಟಿದ ಮೇಲೆ ಮುದುಕ ಸೋತು ಸುಮ್ಮನಾದ.

ಹೊಳೆಯ ಅಂಚಿಗೆ ಬಂದು ದೋಣಿ ಇಳಿಸಿದರೆ ಕೆಳಹೊಟ್ಟೆ ಅಂಗೈಯಗಲ ಹರಿದಿತ್ತು. ಹಲಗೆಯ ಕಚ್ಚು ಕ್ಯಾನ್ವಾಸನ್ನು ತಿಂದು, ಒಳಗಿನ ಪಕ್ಕೆಲುಬು ಕಾಣುತ್ತಿತ್ತು.

ಮುರಿಗೆಪ್ಪ ಬೈಯಲಿಲ್ಲ. ಕಾರಿನಿಂದ ತನ್ನ ಗಂಟು ತಂದು ಎದುರಿಗಿಟ್ಟ. ಗೋಣಿತಟ್ಟಿನೊಳಗೆ ಹುಲ್ಲು ತುಂಬಿ ಹೊಲಿದ, ಅಲ್ಲಪ್ಪನ ಕತ್ತೆಗಳ ಎರಡು ತಡಿ. ಹೇರು ಉಜ್ಜಿ ಪ್ರಾಣಿಯ ಬೆನ್ನು ತರಚದಿರಲಿ ಎಂದು ಅದರ ಕೆಳಗೆ ಹಾಕುವ ಮೆತ್ತೆಗೂ ನಮ್ಮ ಸೀಮೆಯಲ್ಲಿ ತಡಿ ಎಂದೇ ಹೆಸರು.

“ಇದನ್ನ ಹಲಿಗಿ ಮ್ಯಾಲ ಹಾಸು ಅಂದೆ. ನಿನಗ್ಯಾರು ನಿಲ್ಲು ಅಂದ್ರು?”

ದುಂಡಪ್ಪ ತಡಿಯನ್ನು ನೋಡಿದ, ಹರಿದ ಹೊಟ್ಟೆಯನ್ನು ನೋಡಿದ. ಅವಸರಕ್ಕೆ ಅಣ್ಣನಾದವನು ತಾನು ಎಂದು ಅವನಿಗೆ ಮೊದಲ ಸಲ ನಾಚಿಕೆಯಾಯಿತು.

ಮುರಿಗೆಪ್ಪ ತಡಿಯ ಗೋಣಿತಟ್ಟಿನಲ್ಲಿ ಒಂದು ತುಂಡು ಹರಿದ. ಹತ್ತಿರದ ಗುಡಿಸಲಲ್ಲಿ ಬೆಂಕಿ ಕೇಳಿ, ನಾವೆಯವರ ಹತ್ತಿರ ರಾಳ ಕೇಳಿ, ಎಣ್ಣೆಯಲ್ಲಿ ಕುದಿಸಿ, ತುಂಡನ್ನು ಅದರಲ್ಲಿ ಅದ್ದಿ ಹರಿದಲ್ಲಿ ಅಂಟಿಸಿದ. ಇನ್ನು ಅದು ಆರಬೇಕು. ಆರುವತನಕ ಮಾಡಲು ಏನೂ ಇರಲಿಲ್ಲ. ದುಂಡಪ್ಪ ಕೂತ, ಎದ್ದ, ತೇಪೆಗೆ ಟವೆಲ್ಲಿನಿಂದ ಗಾಳಿ ಬೀಸಿದ, ಬೆರಳು ಚುಚ್ಚಿ ನೋಡಿ ಬೈಸಿಕೊಂಡ. ಸೂರ್ಯ ಪಡುವಣಕ್ಕೆ ವಾಲುತ್ತಿದ್ದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಅವನ ಸಂಸಾರದ ಗಡಿಗೆ ಅಂದು ಹಾಗೆ ದೊಣ್ಣೆಯ ಕೆಳಗಿತ್ತು.

ಹೊತ್ತು ಇಳಿದ ಮೇಲೆ ಮುರಿಗೆಪ್ಪ ಹೂಂ ಅಂದ. ದುಂಡಪ್ಪ ದೋಣಿಯ ಬಾಯಲ್ಲಿ ಕಾಲು ತೂರಿಸಿ ಕೂತು ಹುಟ್ಟು ಹಾಕಿದ. ಕೆಂಪು ನೀರು ಅವನನ್ನು ಬಹಳ ದೂರ ಕೆಳಕ್ಕೆ ಒಯ್ದಿತು. ತೇಪೆಯ ಅಂಚಿನಿಂದ ನೀರು ಜಿನುಗಿ ಸೊಂಟದವರೆಗೆ ತೊಯ್ದ. ಆದರೂ ಆಚೆ ದಂಡೆಯ ಜಾಲಿ ಕೈಗೆ ಸಿಕ್ಕಿತು.

ಊರೊಳಗೆ ಓಡುತ್ತ ಬಂದಾಗ ಹಿರಿಯರು ಮಠದ ಕಟ್ಟೆಯ ಮೇಲೆ ಇನ್ನೂ ಕೂತಿದ್ದರು. ಮಠದ ದೀಪಕ್ಕೆ ಆಗಷ್ಟೇ ಎಣ್ಣೆ ಹಾಕುತ್ತಿದ್ದರು.

“ಬಂದೇನ್ರಿ” ಎಂದ ದುಂಡಪ್ಪ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

ಇಂಥ ಹೊಳೆಯಲ್ಲಿ ಬಂದವನಿಗೆ ಏನು ಅನ್ನುವುದು? ಮಾವನೇ ಬಾಯಿ ಬಿಟ್ಟ. “ಮಾತಿನಂಗ ಬಂದಾನ. ನಡಿಯವ್ವಾ, ಗಂಟು ಕಟ್ಟು.”

ಬಾಳವ್ವ ಕಂಬಕ್ಕೆ ಒರಗಿ ನಿಂತಿದ್ದಳು. ಗಂಡನ ತೊಯ್ದ ಧೋತರ, ಮುಳ್ಳು ಗೀರಿದ ಕೈ ಎಲ್ಲವನ್ನೂ ನೋಡಿದಳು. “ಹ್ಯಾಂಗ ಬಂದ್ರಿ?” ಎಂದಳು.

“ಸಾಹೇಬನ ದೋಣಿ ಐತಿ.”

“ತೋರಸ್ರಿ, ನೋಡೂಣು.”

ಅವನು ಮುಂದೆ, ಅವಳು ಹಿಂದೆ ಹೊಳೆಗೆ ಬಂದರು. ಬಾಳವ್ವ ಬಾಗಿ ದೋಣಿಯ ಮೂತಿಯಿಂದ ಮೂತಿಗೆ ಕಣ್ಣಾಡಿಸಿದಳು, ನಡುವಿನ ಬಾಯೊಳಗೆ ಇಣುಕಿದಳು. ಆಮೇಲೆ ನೆಟ್ಟಗೆ ನಿಂತು ಕೇಳಿದಳು:

“ಇದರಾಗ ನಾ ಎಲ್ಲಿ ಕುಂದರ್ಲಿ?”

ದೋಣಿಯಲ್ಲಿ ಒಬ್ಬರಿಗಷ್ಟೇ ಜಾಗ. ಬೆಳಗಿನಿಂದ ದುಂಡಪ್ಪ ಹಲಗೆ, ಹಗ್ಗ, ತೇಪೆ ಎಂದು ಒದ್ದಾಡಿದ್ದ. ಅವಳನ್ನು ಕರೆದುಕೊಂಡು ತಿರುಗಿ ಬರುವ ವಿಚಾರ ಒಂದು ಸಲವೂ ತಲೆಗೆ ಬಂದಿರಲಿಲ್ಲ. ಸುಳ್ಳು ಹೇಳಬಹುದಿತ್ತು, ಕಾಕಾನ ಮೇಲೆ ಹಾಕಬಹುದಿತ್ತು.

“ನೀ ಬರ್ತಿ ಅಂತ ನಾ ಅನ್ಕೊಂಡಿರಲಿಲ್ಲ” ಎಂದ ನೆಲ ನೋಡುತ್ತ. “ದೀಪ ಹಚ್ಚೂದರಾಗ ಮುಟ್ಟಬೇಕು, ಅಷ್ಟ ಇತ್ತು ತಲ್ಯಾಗ.”

ಬಾಳವ್ವನಿಗೆ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು, ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡಳು.

“ಖರೆ ಹೇಳಿದ್ರಿ, ಅಷ್ಟ ಸಾಕು ಇವತ್ತಿಗೆ. ನಾ ಈಗ ಬರಂಗಿಲ್ಲ. ನೀರ ಇಳೀಲಿ, ನಾವಿ ಬಿಡಲಿ. ಅಲ್ಲೀತನಕ ನೀವು ಇಲ್ಲೇ ಇರ್ರಿ. ನನ್ನ ಬಾಜೂ ಕುಂತು ಉಣ್ಣಾಕ, ಮಾತಾಡಾಕ ನಿಮಗ ಬರತೈತೇನು ನೋಡತೇನಿ. ಆಮ್ಯಾಲ ಕೇಳ್ರಿ, ಬರ್ತೀಯೇನು ಅಂತ.”

“ಎಷ್ಟ ದಿನಾ?”

“ಹೊಳಿನ್ನ ಕೇಳ್ರಿ.”

ಆಚೆ ದಂಡೆಯಿಂದ ಕಾರಿನ ಹಾರ್ನು ಕೇಳಿತು. ಮುರಿಗೆಪ್ಪ ಕಾರನ್ನು ದಂಡೆಗುಂಟ ಓಡಿಸಿಕೊಂಡು ಎದುರಿಗೆ ಬಂದಿದ್ದ. ಮುಂದೇನು ಎಂದು ಕೇಳುತ್ತಿದ್ದ. ನಾಳೆ ಹುಕ್ಕೇರಿಗೆ ಬಾಡಿಗೆ ಒಪ್ಪಿಕೊಂಡದ್ದು ದುಂಡಪ್ಪನಿಗೆ ನೆನಪಾಯಿತು. ಕಾಲು ತಾನಾಗಿಯೇ ನೀರಿನ ಕಡೆ ಒಂದು ಹೆಜ್ಜೆ ಹೋಯಿತು. ಬಾಳವ್ವ ಅದನ್ನು ನೋಡಿದಳು.

ಅವನು ಕೈ ಎತ್ತಿ, ಹೋಗು ಎಂದು ಬೀಸಿದ. ಹಾರ್ನು ಮತ್ತೆ ಕೇಳಿತು. ಮತ್ತೆ ಬೀಸಿದ. ಕಾರು ಹಿಂದಕ್ಕೆ ಮುಂದಕ್ಕೆ ಆಡಿ, ಅವನಿಲ್ಲದೆಯೇ ತಿರುಗಿ ಗೋಕಾಕದ ಹಾದಿ ಹಿಡಿಯಿತು. ಅದರ ಸಪ್ಪಳ ಪೂರ್ತಿ ಅಡಗುವತನಕ ನಿಂತಿದ್ದು, ದುಂಡಪ್ಪ ಹೆಂಡತಿಯ ಹಿಂದೆ ಮಾವನ ಮನೆಯ ದಾರಿ ಹಿಡಿದ. ಇಂಥ ಹೊಳೆ ದಾಟುವಾಗಲೂ ಅವನಿಗೆ ಇಷ್ಟು ಅಂಜಿಕೆಯಾಗಿರಲಿಲ್ಲ.